ಪಾರ್ವತಿನಗರದ ಮಹಡಿ ಮೇಲೆ ಒಂದು ಮೈಲ್ಡ್ ಏಲ್

ಬಳ್ಳಾರಿಯಲ್ಲಿ ಯಾವುದೇ ತಿನಿಸಿನ ಮಾನ ಕಳೆಯೋಕೆ ಒಂದೇ ಪದ ಸಾಕು: ಸಪ್ಪೆ. ಮಿರ್ಚಿಯಲ್ಲಿ ಖಾರ ಇಲ್ಲದಿದ್ದರೆ ಸಪ್ಪೆ, ಸಾರಿಗೆ ಹುಳಿ ಕಡಿಮೆಯಾದರೆ ಸಪ್ಪೆ, ಸಿನಿಮಾದಲ್ಲಿ ಫೈಟ್ ಇಲ್ಲದಿದ್ದರೆ ಅದೂ ಸಪ್ಪೆ. ಒಮ್ಮೆ ಆ ಪದ ಬಿತ್ತು ಅಂದರೆ ಮುಗೀತು, ಮೇಲ್ಮನವಿ ಇಲ್ಲ. ಇಂಥ ಊರಲ್ಲಿ ಬೆಳೆದ ನಾಲ್ಕು ಜನರ ಕೈಗೆ ಇಂಗ್ಲೆಂಡಿನ ‘ಮೈಲ್ಡ್ ಏಲ್’ ಸಿಕ್ಕರೆ ಏನಾಗಬಹುದು ಅಂತ ನೀವೇ ಊಹಿಸಿ.

ಸಿಕ್ಕಿದ್ದು ಹೀಗೆ. ಬರ್ಮಿಂಗ್‌ಹ್ಯಾಮ್ ಹತ್ತಿರ ಕೆಲಸ ಮಾಡುವ ಗೆಳೆಯ ಮೇ ತಿಂಗಳಲ್ಲಿ ರಜೆಗೆ ಬಂದ. ವಿಮಾನದಲ್ಲಿ ಬರುವವರು ಸುಂಕ ಕಟ್ಟದೆ ತರಬಹುದಾದ ಮದ್ಯ ಎರಡು ಲೀಟರ್. ಎಲ್ಲರೂ ಅದರಲ್ಲಿ ವಿಸ್ಕಿ ತಂದರೆ ಇವನು 500 ಮಿಲಿಯ ನಾಲ್ಕು ಬಾಟಲಿ ಮೈಲ್ಡ್ ತಂದಿದ್ದ. ಎರಡು ಬೇರೆ ಬೇರೆ ಬ್ರೂವರಿ, ತಲಾ ಎರಡು ಬಾಟಲಿ. ಲೇಬಲ್ ನೋಡಿ ಜೀನ್ಸ್ ಘಟಕ ನಡೆಸುವ ಇನ್ನೊಬ್ಬ ಗೆಳೆಯ ನಕ್ಕ. ‘ಮೂರೂವರೆ ಪರ್ಸೆಂಟಾ? ಇದಕ್ಕೆ ಅಲ್ಲಿಂದ ಹೊತ್ಕೊಂಡ್ ಬಂದ್ಯಾ? ಇದು ಕೆಮ್ಮಿನ ಸಿರಪ್‌ಗಿಂತ ಕಡಿಮಿ ಐತಲ್ಲಲೇ!’

ಅವನ ನಗುವಿಗೂ ಕಾರಣ ಇದೆ. ನಮ್ಮ ವೈನ್ ಶಾಪಿನಲ್ಲಿ ಬಿಯರ್ ಅಂದರೆ ಎರಡೇ ಜಾತಿ, ಸ್ಟ್ರಾಂಗ್ ಮತ್ತು ಮೈಲ್ಡ್. ಸ್ಟ್ರಾಂಗ್ ಅಂದರೆ ಏಳು-ಎಂಟು ಪರ್ಸೆಂಟ್ ಆಲ್ಕೋಹಾಲ್. ಮೈಲ್ಡ್ ಅಂದರೆ ಐದರೊಳಗಿನ, ಬಂಗಾರದ ಬಣ್ಣದ ಲಾಗರ್. ನಮ್ಮ ದೇಶದಲ್ಲಿ ಹೆಚ್ಚು ಓಡೋದು ಸ್ಟ್ರಾಂಗೇ. ಹಾಗಾಗಿ ‘ಮೈಲ್ಡ್’ ಅನ್ನೋದು ನಮ್ಮ ಕಿವಿಗೆ ‘ಕಾಸಿಗೆ ತಕ್ಕ ಕಿಕ್ ಕೊಡದ್ದು’ ಅಂತಲೇ ಕೇಳಿಸುತ್ತೆ.

ಇಂಗ್ಲೆಂಡಿನ ಮೈಲ್ಡ್ ಬೇರೆಯೇ ವಸ್ತು. ಅದು ಲಾಗರ್ ಅಲ್ಲ, ಏಲ್. ಅಂದರೆ ತುಸು ಬೆಚ್ಚಗಿನ ತಾಪಮಾನದಲ್ಲಿ ಹುದುಗುವ ಯೀಸ್ಟ್‌ನಿಂದ ಮಾಡಿದ್ದು. ಬಹುಪಾಲು ಕಂದು ಬಣ್ಣದ್ದು. ಆ ಹೆಸರಿಗೂ ಆಲ್ಕೋಹಾಲ್ ಪ್ರಮಾಣಕ್ಕೂ ಮೊದಲು ಸಂಬಂಧವೇ ಇರಲಿಲ್ಲ. ತಿಂಗಳುಗಟ್ಟಲೆ ಪೀಪಾಯಿಯಲ್ಲಿಟ್ಟು ಹುಳಿ ಬಂದ ಹಳೇ ಬಿಯರ್‌ಗೆ ಎದುರಾಗಿ, ಹೊಸದಾಗಿ ಮಾಡಿ ಆಗಲೇ ಮಾರುವ ಬಿಯರ್‌ಗೆ ಮೈಲ್ಡ್ ಅನ್ನುತ್ತಿದ್ದರು. ಹತ್ತೊಂಬತ್ತನೇ ಶತಮಾನದ ಮೈಲ್ಡ್‌ಗಳು ಒಳ್ಳೇ ಗಟ್ಟಿಯಾಗೇ ಇದ್ದವು. ಮೊದಲ ಮಹಾಯುದ್ಧದಲ್ಲಿ ಧಾನ್ಯದ ಕೊರತೆ ಬಂತು, ತೆರಿಗೆ ಏರಿತು, ಸರ್ಕಾರದ ಕಡಿವಾಣ ಬಿತ್ತು. ಬಿಯರ್ ತೆಳುವಾಯಿತು, ಮೈಲ್ಡ್ ಇನ್ನೂ ತೆಳುವಾಯಿತು. ಆದರೂ ಇಪ್ಪತ್ತನೇ ಶತಮಾನದ ನಡುವಿನವರೆಗೆ ಅಲ್ಲಿನ ಪಬ್‌ಗಳಲ್ಲಿ ಅದರದ್ದೇ ರಾಜ್ಯ. 1960ರ ದಶಕದ ಹೊತ್ತಿಗೆ ಬಿಟರ್, ಆಮೇಲೆ ಲಾಗರ್ ಬಂದು ಅದನ್ನು ಮೂಲೆಗೆ ತಳ್ಳಿದವು. 1971ರಲ್ಲಿ ಹುಟ್ಟಿದ ‘ಕ್ಯಾಮ್ರಾ’ ಅನ್ನೋ ಗ್ರಾಹಕರ ಸಂಘ ಈ ಬಿಯರ್ ಉಳಿಯಲಿ ಅಂತ ಮೇ ತಿಂಗಳನ್ನೇ ಮೈಲ್ಡ್‌ಗೆ ಮೀಸಲಿಟ್ಟು ಪ್ರಚಾರ ಮಾಡುತ್ತಾ ಬಂದಿದೆ. ಗೆಳೆಯ ತಂದಿದ್ದೂ ಮೇ ತಿಂಗಳಲ್ಲೇ. ವ್ಯತ್ಯಾಸ ಏನಪ್ಪಾ ಅಂದರೆ, ಇಲ್ಲಿ ಆಗ ನಲವತ್ತು ಡಿಗ್ರಿ.

ನಾನು ಸಾಫ್ಟ್‌ವೇರ್‌ನವನು. ಸುಮ್ಮನೆ ಕುಡಿದು ‘ಚೆನ್ನಾಗಿದೆ’ ಅನ್ನೋಕೆ ಮನಸ್ಸು ಒಪ್ಪಲ್ಲ, ಟೆಸ್ಟ್ ಕೇಸ್ ಬೇಕು. ಅದಕ್ಕೆ ಬಿಜೆಸಿಪಿಯ ಅಂಕಪಟ್ಟಿ ಪ್ರಿಂಟ್ ತೆಗೆಸಿದೆ. ಬಿಜೆಸಿಪಿ ಅಂದರೆ 1985ರಲ್ಲಿ ಅಮೆರಿಕದಲ್ಲಿ ಶುರುವಾದ, ಬಿಯರ್ ತೀರ್ಪುಗಾರರಿಗೆ ಪರೀಕ್ಷೆ ನಡೆಸುವ ಸಂಸ್ಥೆ. ಒಟ್ಟು 50 ಅಂಕ. ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಹೇಗೆ ಕೂರುತ್ತೆ ಅನ್ನೋದಕ್ಕೆ 5, ಒಟ್ಟಾರೆ ಅನಿಸಿಕೆಗೆ 10. ನನಗೆ ಹಿಡಿಸಿದ್ದು ಅದರ ಮೂಲ ನಿಯಮ. ‘ನಿನಗೆ ಇಷ್ಟವಾಯಿತಾ’ ಅಂತ ಅದು ಕೇಳಲ್ಲ. ‘ಈ ಬಗೆಯ ಬಿಯರ್ ಏನಾಗಬೇಕಿತ್ತೋ ಅದಾಗಿದೆಯಾ’ ಅಂತ ಕೇಳುತ್ತೆ. ಡಾರ್ಕ್ ಮೈಲ್ಡ್‌ಗೆ ಅವರು ಹಾಕಿರುವ ಚೌಕಟ್ಟು: ಆಲ್ಕೋಹಾಲ್ 3ರಿಂದ 3.8 ಪರ್ಸೆಂಟ್, ಕಹಿಯ ಅಳತೆ 10ರಿಂದ 25. ಅಮೆರಿಕನ್ ಐಪಿಎಗೆ ಅದೇ ಕಹಿ 40ರಿಂದ 70. ಐಪಿಎ ತಕ್ಕಡಿಯಲ್ಲಿ ಮೈಲ್ಡ್ ತೂಗಿದರೆ ಅದು ಪ್ರತಿ ಸಲ ಸೋಲುತ್ತೆ.

ಜಾಗ ಎಲ್ಲಿ? ಪಾರ್ವತಿನಗರದ ನಮ್ಮ ಮನೆ ಮಹಡಿ. ಇದು ಹೇಳಿದಷ್ಟು ಸುಲಭ ಇರಲಿಲ್ಲ. ನಾನು ಬೆಂಗಳೂರಲ್ಲಿ ಅಪರೂಪಕ್ಕೆ ಬಿಯರ್ ಕುಡೀತೀನಿ ಅನ್ನೋದು ಮನೇಲಿ ಗೊತ್ತು. ಗೊತ್ತು ಅಂದರೆ, ಅಪ್ಪ ಕೇಳಲ್ಲ, ನಾನು ಹೇಳಲ್ಲ ಅನ್ನೋ ಮಟ್ಟಿಗೆ. ನಿಮ್ಮಲ್ಲಿ ಬಹಳ ಜನರ ಮನೆಯ ಒಪ್ಪಂದವೂ ಇದೇ ಇರಬಹುದು. ಈ ಸಲ ಹೇಳಿದೆ. ಮೂರು ಜನ ಬರ್ತಾರೆ, ತಲಾ ಒಂದು ಲೋಟದಷ್ಟು, ರುಚಿ ನೋಡಿ ಅಂಕ ಕೊಡ್ತೀವಿ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಂಕ ಕೊಡೋದಾ? ನಾನೂ ಬಂದು ನೋಡ್ತೀನಿ’ ಅಂದರು. ಅಮ್ಮ ಫ್ರಿಜ್‌ನಲ್ಲಿ ಜಾಗ ಕೊಟ್ಟಳು, ಆದರೆ ಮೊಸರಿನ ಅರೆಯಲ್ಲಿ ಇಡಬಾರದು ಅನ್ನೋ ಷರತ್ತಿನ ಮೇಲೆ.

ಮೊದಲ ಸವಾಲು ತಾಪಮಾನ. ಮೈಲ್ಡ್ ಅನ್ನು ಐಸ್‌ನಂತೆ ತಣ್ಣಗೆ ಕುಡಿಯೋ ಹಾಗಿಲ್ಲ. ಇಂಗ್ಲೆಂಡಿನ ನೆಲಮಾಳಿಗೆಯ 10ರಿಂದ 13 ಡಿಗ್ರಿ ಅದರ ಹದ. ಅದಕ್ಕಿಂತ ತಂಪಾದರೆ ನಾಲಿಗೆ ಮರಗಟ್ಟಿ ಸೂಕ್ಷ್ಮ ರುಚಿಗಳೆಲ್ಲ ಮುಚ್ಚಿಹೋಗುತ್ತವೆ. ನಮ್ಮ ಫ್ರಿಜ್‌ನಿಂದ ಅದು ಬಂದಾಗ 5 ಡಿಗ್ರಿ. ಹೊರಗಡೆ ರಾತ್ರಿ ಎಂಟಕ್ಕೂ ನೆಲ ಕಾದ ಹೆಂಚು. ಅಡುಗೆಮನೆಯ ಥರ್ಮಾಮೀಟರ್ ಲೋಟದಲ್ಲಿಟ್ಟು ಕಾದೆವು. ಹದಕ್ಕೆ ಬರೋಕೂ ಹದ ಮೀರೋಕೂ ಬಳ್ಳಾರಿಯಲ್ಲಿ ಹೆಚ್ಚು ಹೊತ್ತು ಬೇಡ. ಸಿಗೋದು ಕೆಲವೇ ನಿಮಿಷ.

ಇಂಗ್ಲೆಂಡಿನ ಗೆಳೆಯ ಒಳಗೆ ಸುರಿದು ‘ಅ’, ‘ಆ’ ಅಂತ ಚೀಟಿ ಅಂಟಿಸಿ ತಂದ. ಯಾವ ಲೋಟದಲ್ಲಿ ಯಾವ ಬ್ರೂವರಿ ಅಂತ ಉಳಿದವರಿಗೆ ಗೊತ್ತಿಲ್ಲ. ಬರೆಯುವವರೆಗೆ ಮಾತಾಡೋ ಹಾಗೂ ಇಲ್ಲ. ‘ಅ’ ಲೋಟವನ್ನು ಟ್ಯೂಬ್‌ಲೈಟ್‌ಗೆ ಹಿಡಿದರೆ ಕಡು ಕಂದು, ಅಂಚಿನಲ್ಲಿ ಮಾಣಿಕ್ಯದ ಕೆಂಪು. ನೊರೆ ಕಡಿಮೆ, ಗುಳ್ಳೆ ಕಡಿಮೆ. ಅದು ದೋಷ ಅಲ್ಲ, ಮೈಲ್ಡ್ ಇರೋದೇ ಹಾಗೆ.

ವಾಸನೆಗೆ ಬಂದಾಗ ಕೈ ನಿಂತಿತು. ಇಂಗ್ಲಿಷ್ ಪಟ್ಟಿಯಲ್ಲಿ ಟಾಫಿ, ಬಿಸ್ಕೆಟ್, ಟ್ರೀಕಲ್ ಅಂತೆಲ್ಲ ಪದಗಳಿದ್ದವು. ಟ್ರೀಕಲ್ ಅನ್ನೋದನ್ನು ನಾನು ಜೀವಮಾನದಲ್ಲಿ ಮೂಸಿಲ್ಲ. ಅದರ ವಾಸನೆ ಇದೆ ಅಂತ ಹೇಗೆ ಬರೆಯಲಿ? ಅಪ್ಪ ಲೋಟ ಕೇಳಿದರು. ಒಂದು ಹನಿ ಮುಟ್ಟಿದವರಲ್ಲ, ಅವತ್ತೂ ಮುಟ್ಟಲಿಲ್ಲ. ಮೂಗಿನ ಹತ್ತಿರ ಹಿಡಿದು, ‘ರೊಟ್ಟಿ ಹೆಂಚಿನ ಮ್ಯಾಲೆ ಅಂಚು ಹೊತ್ತಿದಂಗ ಐತಿ. ಹಿಂದೆ ಬೆಲ್ಲದ ಪಾಕ. ಅದೂ ಇಳಿಸೋದು ಒಂಚೂರು ತಡ ಆದ ಪಾಕ’ ಅಂದರು. ನಾವು ಮತ್ತೆ ಮೂಸಿದೆವು. ಹೌದು, ಅದೇ. ಹುರಿದ ಮಾಲ್ಟ್ ಮತ್ತು ಕ್ರಿಸ್ಟಲ್ ಮಾಲ್ಟ್‌ನ ವಾಸನೆಗೆ ನಮ್ಮ ಮನೆಯೊಳಗೇ ಪದ ಇತ್ತು. ನಾನು ಟ್ರೀಕಲ್ ಹೊಡೆದುಹಾಕಿ ಅದನ್ನೇ ಬರೆದೆ. 12ಕ್ಕೆ 8.

ರುಚಿ? ಮೊದಲ ಗುಟುಕಿಗೆ ಏನೂ ಇಲ್ಲ ಅನಿಸುತ್ತೆ. ಇದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ಎರಡನೆಯದಕ್ಕೆ ರೊಟ್ಟಿಯ ಅಂಚು, ಮೂರನೆಯದಕ್ಕೆ ತೆಳುವಾದ ಚಾಕೊಲೇಟ್, ಕೊನೆಗೆ ಬೇವಿನದ್ದಲ್ಲದ, ಟೀ ಡಿಕಾಕ್ಷನ್‌ನಂಥ ಪುಟ್ಟ ಕಹಿ. ಆಲ್ಕೋಹಾಲ್ ಇಷ್ಟು ಕಡಿಮೆ ಇದ್ದೂ ನೀರು ನೀರು ಅನಿಸಲಿಲ್ಲ. ಇದರ ಹಿಂದೆ ಒಂದು ಚಂದದ ಎಂಜಿನಿಯರಿಂಗ್ ಇದೆ. ಮಾಲ್ಟ್ ಅನ್ನು ಬಿಸಿನೀರಲ್ಲಿ ನೆನೆಸುವಾಗ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ನೀರಿನ ಬಿಸಿಯನ್ನು 68-69 ಡಿಗ್ರಿಯ ಹತ್ತಿರ ಇಟ್ಟರೆ, ಪಿಷ್ಟವನ್ನು ಸಣ್ಣಸಣ್ಣದಾಗಿ ಒಡೆಯುವ ಕಿಣ್ವ ಬೇಗ ಸೋಲುತ್ತೆ. ಯೀಸ್ಟ್ ತಿನ್ನಲಾರದ ದೊಡ್ಡ ಸಕ್ಕರೆಗಳು ಹಾಗೇ ಉಳಿದು ಬಿಯರ್‌ಗೆ ಮೈ ಕೊಡುತ್ತವೆ. ಕಿಕ್ ಕಡಿಮೆ, ತುಂಬಿದ ಬಾಯಿ. ಇದನ್ನು ಮಾಡೋದು ಕಷ್ಟ, ಯಾಕಂದರೆ ತಪ್ಪು ಮುಚ್ಚೋಕೆ ಇಲ್ಲಿ ಹಾಪ್ಸ್ ಕಹಿಯೂ ಇಲ್ಲ, ಆಲ್ಕೋಹಾಲ್ ಘಾಟೂ ಇಲ್ಲ.

ಜೀನ್ಸ್ ಗೆಳೆಯ 50ಕ್ಕೆ 19 ಕೊಟ್ಟು ದೊಡ್ಡದಾಗಿ ‘ಸಪ್ಪೆ’ ಅಂತ ಬರೆದಿದ್ದ. ಅವನ ಪಕ್ಕದಲ್ಲಿ ನೋಡಿದರೆ ಪೇಪರ್ ತಟ್ಟೆಯಲ್ಲಿ ಒಗ್ಗರಣೆ, ಎರಡು ಮಿರ್ಚಿ. ಒಂದು ಮಿರ್ಚಿ ಆಗಲೇ ಖಾಲಿ! ನೀರು ಕುಡಿಸಿ, ಖಾಲಿ ಮಂಡಕ್ಕಿ ತಿನ್ನಿಸಿ, ಹತ್ತು ನಿಮಿಷ ಕೂರಿಸಿ ಮತ್ತೆ ಕೊಟ್ಟೆವು. 33. ‘ಲೇ, ಇದು ಮಾತಾಡ್ತೈತಿ, ಆದ್ರ ಮೆಲ್ಲಗೆ’ ಅಂದ.

‘ಆ’ ಲೋಟದ್ದು ಬೇರೆ ಕಥೆ. ಬಣ್ಣ ಚೆನ್ನಾಗಿತ್ತು. ಆದರೆ ಮೂಗಿಗೆ ಬಂದಿದ್ದು ಮಳೆಯಲ್ಲಿ ನೆನೆದ ರಟ್ಟಿನ ಡಬ್ಬದ ವಾಸನೆ. ಇದು ಆಮ್ಲಜನಕ ತಾಗಿ ಹಳಸಿದ ಬಿಯರ್‌ನ ಗುರುತು, ಬಿಸಿಯಲ್ಲಿ ಇದು ಇನ್ನೂ ಬೇಗ ಆಗುತ್ತೆ. ಹಾಪ್ಸ್ ಜೋರಾಗಿದ್ದರೆ ಬಹುಶಃ ಮುಚ್ಚಿಹೋಗುತ್ತಿತ್ತು. ಮೈಲ್ಡ್‌ನಲ್ಲಿ ಅಡಗಲು ಜಾಗ ಇಲ್ಲ. ನನ್ನ ಪಟ್ಟಿಯಲ್ಲಿ ಅದಕ್ಕೆ 24. ಇದೇ ಸಪ್ಪೆ. ‘ಅ’ ಸೌಮ್ಯ. ಎರಡನ್ನೂ ಅಕ್ಕಪಕ್ಕ ಇಟ್ಟಾಗ ವ್ಯತ್ಯಾಸ ಯಾರೂ ಹೇಳಿಕೊಡಬೇಕಾಗಲಿಲ್ಲ. ಒಂದರಲ್ಲಿ ಇರಬೇಕಾದ್ದು ಇತ್ತು, ಕಡಿಮೆ ದನಿಯಲ್ಲಿ. ಇನ್ನೊಂದರಲ್ಲಿ ಇರಬೇಕಾದ್ದೇ ಹೋಗಿಬಿಟ್ಟಿತ್ತು.

ಉಳಿದದ್ದು ಒಟ್ಟಾರೆ ಅನಿಸಿಕೆ. ಅಷ್ಟರಲ್ಲಿ ಅಪ್ಪ ಕೇಳಿದರು, ‘ಇದನ್ನ ಅಲ್ಲಿ ಯಾರು ಕುಡೀತಾರೆ?’ ಗೆಳೆಯ ಬ್ಲ್ಯಾಕ್ ಕಂಟ್ರಿ ಬಗ್ಗೆ ಹೇಳಿದ. ಬರ್ಮಿಂಗ್‌ಹ್ಯಾಮ್‌ನ ಪಶ್ಚಿಮಕ್ಕಿರುವ ಸೀಮೆ ಅದು. ಕಲ್ಲಿದ್ದಲು ಗಣಿ, ಕಬ್ಬಿಣದ ಕುಲುಮೆ, ಸರಪಳಿ ಮಾಡುವ ಕಾರ್ಖಾನೆಗಳ ನಾಡು. ಅಲ್ಲಿನ ಬ್ರೈರ್ಲಿ ಹಿಲ್‌ನಲ್ಲಿರುವ, 1877ರಲ್ಲಿ ಶುರುವಾದ ಬೇಥಮ್ಸ್ ಕುಟುಂಬದ ಬ್ರೂವರಿ ಮಾಡುವ ಮೈಲ್ಡ್ 3.5 ಪರ್ಸೆಂಟ್. ಕುಲುಮೆ ಮುಂದೆ ಬೆವರಿ ಬಂದವರಿಗೆ ಬಾಯಾರಿಕೆ ತೀರಬೇಕು, ಹೊಟ್ಟೆಗೆ ಸ್ವಲ್ಪ ಸಿಹಿ ಬೇಕು, ನಾಲ್ಕು ಮಾತಾಡೋ ಹೊತ್ತು ಲೋಟ ಕೈಯಲ್ಲಿರಬೇಕು, ತಲೆ ನೆಟ್ಟಗಿರಬೇಕು.

ಅಪ್ಪ ಇಪ್ಪತ್ತು ವರ್ಷಕ್ಕೂ ಹೆಚ್ಚು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಪಾಳಿ ಮಾಡಿದವರು. ರಾತ್ರಿ ಪಾಳಿ ಮುಗಿಸಿ ಬಂದರೆ ಅವರಿಗೆ ಜೋಳದ ನುಚ್ಚು, ಮಜ್ಜಿಗೆ. ಉಪ್ಪು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ ಅದರಲ್ಲಿ. ಅವರೆಂದರು, ‘ಹಂಗಾದ್ರ ಇದು ಮರುದಿನ ಮತ್ತ ಕೆಲಸಕ್ಕ ಹೋಗಬೇಕಾದವನದು.’ ನಾನು ಒಟ್ಟಾರೆ ಅನಿಸಿಕೆಗೆ 10ಕ್ಕೆ 7 ಹಾಕಿದೆ. ‘ಅ’ ಒಟ್ಟು 36. ಪಟ್ಟಿಯ ಭಾಷೆಯಲ್ಲಿ ‘ವೆರಿ ಗುಡ್’. ಇಂಗ್ಲೆಂಡಿನಲ್ಲಿ ಇನ್ನೂ ಮೇಲೆ ಹೋದ ಮೈಲ್ಡ್‌ಗಳಿವೆ. ಬ್ರಿಟನ್ನಿನ ಚಾಂಪಿಯನ್ ಬಿಯರ್ ಪಟ್ಟ 2000ದಲ್ಲಿ ಮೂರ್‌ಹೌಸಸ್‌ನ ಬ್ಲ್ಯಾಕ್ ಕ್ಯಾಟ್‌ಗೆ, 2009ರಲ್ಲಿ ರಡ್‌ಗೇಟ್‌ನ ರೂಬಿ ಮೈಲ್ಡ್‌ಗೆ ಸಿಕ್ಕಿತ್ತು.

ಮರುವಾರ ಬೆಂಗಳೂರಲ್ಲಿ ಲ್ಯಾಪ್‌ಟಾಪ್ ತೆರೆದರೆ ಎದುರಿಗಿದ್ದಿದ್ದು ಇನ್ನೊಂದು ಅಂಕಪಟ್ಟಿ. ವಾರ್ಷಿಕ ಅಪ್ರೈಸಲ್. ನನ್ನ ತಂಡದ ಆರು ಜನಕ್ಕೆ ಒಂದರಿಂದ ಐದರವರೆಗೆ ನಾನು ಅಂಕ ಹಾಕಬೇಕು. ಅವರಲ್ಲಿ ಒಬ್ಬಳು ಬಿಲ್ಡ್ ಮತ್ತು ರಿಲೀಸ್ ನೋಡಿಕೊಳ್ಳುವವಳು. ಮೀಟಿಂಗ್‌ನಲ್ಲಿ ಮಾತಿಲ್ಲ, ಸ್ಲೈಡ್ ಇಲ್ಲ. ಮೇಲಿನವರ ಮಾತಿನಲ್ಲಿ ‘ವಿಸಿಬಿಲಿಟಿ ಕಡಿಮೆ’. ಅದು ನಮ್ಮ ಕಚೇರಿಯ ‘ಸಪ್ಪೆ’. ಅವಳಿಗೆ 3 ಹಾಕಿದರೆ ಯಾರೂ ಪ್ರಶ್ನೆ ಕೇಳಲ್ಲ. ಬಡ್ತಿ ಒಂದು ವರ್ಷ ಹಿಂದಕ್ಕೆ ಹೋಗುತ್ತೆ, ಅಷ್ಟೇ.

ಆದರೆ ಆ ಕೆಲಸ ಏನಾಗಬೇಕಿತ್ತು? ರಿಲೀಸ್ ರಾತ್ರಿ ಯಾರ ಫೋನೂ ರಿಂಗ್ ಆಗಬಾರದು. ಈ ವರ್ಷ ನಮ್ಮಲ್ಲಿ ಯಾರಿಗೂ ರಾತ್ರಿ ಎರಡು ಗಂಟೆಗೆ ಫೋನ್ ಬರಲಿಲ್ಲ. ನಾನು 4 ಹಾಕಿ, ಕಾರಣದ ಕಾಲಮ್ಮಿನಲ್ಲಿ ಅದನ್ನೇ ಬರೆದೆ. ಅಂಕಗಳನ್ನು ಮೇಲಿನವರ ಮುಂದೆ ಸಮರ್ಥಿಸಿಕೊಳ್ಳುವ ಸಭೆ ಮುಂದಿನ ವಾರ ಇದೆ. ಕೆಳಗಿಳಿಸಿ ಅಂತ ಒತ್ತಡ ಬಂದೇ ಬರುತ್ತೆ. ರಿಲೀಸ್‌ಗಳ ದಿನಾಂಕ ಸಮೇತ ಪಟ್ಟಿ ಮಾಡಿಟ್ಟುಕೊಂಡಿದ್ದೀನಿ.

ಇನ್ನು ಬಿಯರ್ ವಿಷಯ. ಕುಡಿಯದವರು ಇದನ್ನು ಓದಿ ಶುರು ಮಾಡಬೇಕಿಲ್ಲ, ಮೂಸಿ ನೋಡಿ ಸರಿಯಾದ ಪದ ಕೊಟ್ಟವರು ಕುಡಿಯದವರೇ. ಕುಡಿಯುವವರಿಗೆ ಎಲ್ಲಾದರೂ ಒಂದು ಮೈಲ್ಡ್ ಸಿಕ್ಕರೆ, ಫ್ರಿಜ್‌ನಿಂದ ತೆಗೆದು ಸ್ವಲ್ಪ ಕಾಯಿರಿ. ಮೊದಲು ಮೂಸಿ. ಮೂರನೇ ಗುಟುಕಿನವರೆಗೆ ತೀರ್ಪು ಬೇಡ. ನಿಮ್ಮ ಅಡುಗೆಮನೆಯ ಪದದಲ್ಲೇ ಬರೆದುಕೊಳ್ಳಿ. ಮಿರ್ಚಿ ಆಮೇಲೆ.