ಗೇರ್‌ಬಾಕ್ಸ್ ಪುರಾಣ

ಬೇಸಿಗೆ ರಜೆ ಮುಗಿದು ಶಾಲೆ ಶುರುವಾದ ದಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ರಜೆಯಲ್ಲಿ ಏನೇನು ಮಾಡಿದೆವೆಂದು ಹೇಳಿಕೊಳ್ಳುವುದು ನಮ್ಮಲ್ಲಿ ವಾಡಿಕೆ. ಒಬ್ಬರು ಕಾಶಿಗೆ ಹೋಗಿ ಬಂದಿದ್ದರು. ಒಬ್ಬರು ಮಗಳ ಬಾಣಂತನ ಮುಗಿಸಿದ್ದರು. ಮತ್ತೊಬ್ಬರು ವರ್ಷಕ್ಕಾಗುವಷ್ಟು ಹಪ್ಪಳ ಸಂಡಿಗೆ ಮಾಡಿ ಡಬ್ಬ ತುಂಬಿದ್ದರು. ನನ್ನ ಸರದಿ ಬಂದಾಗ, "ಅಂಬಾಸಡರ್ ಕಾರಿನ ಗೇರ್‌ಬಾಕ್ಸ್ ಬಿಚ್ಚಿ ಜೋಡಿಸಿದೆ" ಎಂದೆ. ಎಲ್ಲರೂ ನಕ್ಕರು. ನಾನು ಸುಮ್ಮನೆ ಎರಡೂ ಕೈ ಮುಂದೆ ಚಾಚಿದೆ. ಉಗುರಿನ ಸಂದಿಯ ಕಪ್ಪು ಸೀಗೆಪುಡಿಗೂ ಹೋಗಿರಲಿಲ್ಲ, ನಿಂಬೆಹಣ್ಣಿನ ಹೋಳಿಗೂ ಹೋಗಿರಲಿಲ್ಲ. ನಗು ನಿಂತಿತು. ಗಣಿತದ ಮೇಡಂ ಮಾತ್ರ ಮೆಲ್ಲಗೆ, "ಯಾಕ್ರೀ, ಊರಲ್ಲಿ ಮೆಕ್ಯಾನಿಕ್‌ಗಳು ಇರಲಿಲ್ವಾ?" ಎಂದರು.

ಇದ್ದರು. ನಮ್ಮ ರಾಮನಗರದಲ್ಲಿ ಮೆಕ್ಯಾನಿಕ್‌ಗಳಿಗೆ ಬರವಿಲ್ಲ. ಆದರೆ ಆ ಕಾರು ನಮ್ಮಪ್ಪನದು.

1982ರಲ್ಲಿ ಅಪ್ಪ ಬ್ಯಾಂಕ್ ಸಾಲ ಮಾಡಿ ಆ ಅಂಬಾಸಡರ್ ಮಾರ್ಕ್ ಫೋರ್ ಕೊಂಡರು. ಅದಕ್ಕೆ ಮೊದಲು ಬೇರೆಯವರ ಗಾಡಿ ಓಡಿಸುತ್ತಿದ್ದವರು. ನನಗಾಗ ಹದಿಮೂರು, ತಮ್ಮನಿಗೆ ಹತ್ತು. ನಮ್ಮ ಮನೆಯ ಅಕ್ಕಿ ಬೇಳೆ, ಸ್ಕೂಲ್ ಫೀಸು, ನನ್ನ ಬಿ.ಎ., ಬಿ.ಎಡ್., ತಮ್ಮನ ಇಂಜಿನಿಯರಿಂಗ್ ಎಲ್ಲವೂ ಆ ಕಾರಿನ ಚಕ್ರದಿಂದ ಬಂದದ್ದು. ಕಬ್ಬಾಳಮ್ಮನಿಗೆ ಹರಕೆ ಹೊತ್ತವರು, ಮಾಗಡಿ ರಂಗನಾಥನ ತೇರಿಗೆ ಹೋಗುವವರು, ಕನಕಪುರದಲ್ಲಿ ಹೆಣ್ಣು ನೋಡಲು ಹೊರಟ ಗಂಡಿನ ಕಡೆಯವರು, ರಾತ್ರಿ ಹೊತ್ತು ಹೆರಿಗೆ ನೋವು ಬಂದ ಬಸುರಿಯರು, ಎಲ್ಲರನ್ನೂ ಅದು ಹೊತ್ತಿದೆ. ಒಮ್ಮೆ ರೇಷ್ಮೆ ಗೂಡಿನ ಮೂಟೆಗಳನ್ನು ಹಿಂದಿನ ಸೀಟಿನಲ್ಲಿ ತುಂಬಿಕೊಂಡು ಮಾರ್ಕೆಟ್ಟಿಗೆ ಹೋಗಿ, ಆಮೇಲೆ ಒಂದು ವಾರ ಕಾರಿಡೀ ಆ ವಾಸನೆ. ರೇಷ್ಮೆ ಊರಿನವರಿಗೆ ನಾನು ಯಾವ ವಾಸನೆ ಎಂದು ಬಿಡಿಸಿ ಹೇಳಬೇಕಿಲ್ಲ.

ಗಾಡಿಗೆ ಏನಾದರೂ ಆದರೆ ಅಪ್ಪ ಮನೆಯ ಮುಂದೆಯೇ ಕೆಲಸಕ್ಕೆ ಕೂರುತ್ತಿದ್ದರು. ತಮ್ಮನನ್ನು ಕರೆದು ಸ್ಪ್ಯಾನರ್ ಕೈಗೆ ಕೊಡುತ್ತಿದ್ದರು. "ನೋಡ್ಲಾ, ಹಿಂಗ್ ಹಿಡಿ, ಹಿಂಗ್ ತಿರುಗ್ಸು." ನನ್ನ ಕೈಗೆ ಬರುತ್ತಿದ್ದದ್ದು ಟಾರ್ಚು. "ಸರ್ಯಾಗ್ ಹಿಡಿಯಮ್ಮ, ಬೆಳಕು ಆ ಕಡೆ ಹೋಯ್ತು." ತಮ್ಮನಿಗೆ ಹತ್ತೇ ನಿಮಿಷಕ್ಕೆ ಬೇಸರ, ಗೋಲಿ ಆಡಲು ಓಡುತ್ತಿದ್ದ. ಟಾರ್ಚ್ ಹಿಡಿದವಳು ಓಡುವಂತಿಲ್ಲ. ಹಾಗೆ ನಿಂತು ನಿಂತು ನಾನು ನೋಡಿದ್ದು ಅವನಿಗಿಂತ ಹೆಚ್ಚೇ ಇರಬೇಕು. ಒಂದು ಸಲ, "ಅಪ್ಪ, ನಾನೂ ತಿರುಗಿಸ್ತೀನಿ" ಎಂದದ್ದಕ್ಕೆ ಅಮ್ಮ ಒಳಗಿನಿಂದಲೇ, "ಕೈ ಒರಟಾದ್ರೆ ಯಾರು ಕಟ್ಕೋತಾರೆ?" ಎಂದರು. ಅಪ್ಪ ಏನೂ ಹೇಳಲಿಲ್ಲ. ಅಮ್ಮ ಹೇಳಿದ್ದಕ್ಕಿಂತ ಅಪ್ಪ ಹೇಳದೆ ಇದ್ದದ್ದೇ ನನಗೆ ಹೆಚ್ಚು ದಿನ ನೆನಪಿನಲ್ಲಿ ಉಳಿಯಿತು.

ಈಗ ಅಮ್ಮ ಇಲ್ಲ. ತಮ್ಮ ಅಮೆರಿಕದಲ್ಲಿ ಇದ್ದಾನೆ. ಅಪ್ಪನಿಗೆ ಎಂಬತ್ತೆರಡು, ನನ್ನ ಜೊತೆಯಲ್ಲೇ ಇದ್ದಾರೆ. ಕೈ ನಡುಗುತ್ತದೆ, ಮರೆವು ಶುರುವಾಗಿದೆ. ಬೆಳಿಗ್ಗೆ ತಿಂಡಿ ತಿಂದದ್ದು ಹತ್ತು ಗಂಟೆಗೆ ಮರೆಯುತ್ತಾರೆ. ಆದರೆ ಕಾರನ್ನು ಮರೆತಿಲ್ಲ. ಅದು ಎರಡನೇ ಗೇರಿನಲ್ಲಿ ನಿಲ್ಲದೆ ತಾನೇ ಹೊರಗೆ ಹಾರುತ್ತಿತ್ತು. ಮೂರರಿಂದ ಎರಡಕ್ಕೆ ಬರುವಾಗ ಹಲ್ಲು ಕಡಿದ ಹಾಗೆ ಕರ್ರೆನ್ನುತ್ತಿತ್ತು. ಎರಡು ವರ್ಷದಿಂದ ಶೆಡ್ಡಿನಲ್ಲೇ ನಿಂತಿತ್ತು. ಗುಜರಿಗೆ ಹಾಕಿ ಎಂದು ಹೇಳದ ನೆಂಟರಿಲ್ಲ. ಹಿಂದುಸ್ತಾನ್ ಮೋಟರ್ಸ್‌ನವರು ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಡರ್ ಮಾಡುವುದನ್ನು 2014ರಲ್ಲೇ ನಿಲ್ಲಿಸಿದ ಮೇಲೆ ಸಾಮಾನು ಸಿಗುವುದೂ ಕಷ್ಟ ಎಂದು ನಮ್ಮವರೂ ರಾಗ ಎಳೆದರು. ಅಪ್ಪ ಮಾತ್ರ ದಿನಾ ಸಂಜೆ ಶೆಡ್ಡಿಗೆ ಹೋಗಿ, ಸ್ಟಿಯರಿಂಗ್ ಹಿಂದೆ ಕೂತು, ಪಕ್ಕದ ಹ್ಯಾಂಡ್ ಗೇರನ್ನು ಸುಮ್ಮನೆ ಆಡಿಸಿ ಬರುತ್ತಿದ್ದರು.

ಏಪ್ರಿಲ್‌ನಲ್ಲಿ ಒಂದು ದಿನ, "ನೀವು ಹೇಳ್ಕೊಡಿ, ನಾನು ಬಿಚ್ತೀನಿ" ಎಂದೆ. ಅಪ್ಪ ನನ್ನ ಮುಖ ನೋಡಿದರು, ಆಮೇಲೆ ಕೈ ನೋಡಿದರು. "ಮೊದ್ಲು ಬಳೆ ತೆಗ್ದಿಡು" ಎಂದರು.

ಗೇರ್‌ಬಾಕ್ಸನ್ನು ಕಾರಿನಿಂದ ಇಳಿಸುವುದು ನನ್ನಿಂದ ಆಗುವ ಕೆಲಸವಾಗಿರಲಿಲ್ಲ. ಗ್ಯಾರೇಜಿನ ಮೇಸ್ತ್ರಿ ಇಬ್ಬರು ಹುಡುಗರೊಂದಿಗೆ ಬಂದು, ಜಾಕ್ ಕೊಟ್ಟು, ಪ್ರೊಪೆಲ್ಲರ್ ಶಾಫ್ಟ್ ಕಳಚಿ, ಕೆಳಗಿನಿಂದ ಇಳಿಸಿಕೊಟ್ಟರು. "ಮಿಕ್ಕಿದ್ದು ನಾನು ಮಾಡ್ತೀನಿ" ಎಂದಾಗ ಅವರು ಅಪ್ಪನ ಕಡೆ ತಿರುಗಿ, "ಏನ್ ಯಜಮಾನ್ರೇ, ಮಿಸ್ಸು ತಮಾಷೆ ಮಾಡ್ತಾವ್ರಾ?" ಎಂದು ಕೇಳಿದರು.

ನಮ್ಮ ಶೆಡ್ಡು ಹಿಂದೆ ಹುಳುಮನೆಯಾಗಿತ್ತು. ಅತ್ತೆಯ ಕಾಲದಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಎರಡು ಹಳೆಯ ಚಂದ್ರಿಕೆಗಳು ಇನ್ನೂ ಗೋಡೆಗೆ ಒರಗಿದ್ದವು. ಅವನ್ನು ನೆಲಕ್ಕೆ ಹಾಸಿದೆ. ಚಂದ್ರಿಕೆಯ ಬಿದಿರಿನ ಪಟ್ಟಿ ಚಕ್ಕುಲಿಯ ಹಾಗೆ ಸುತ್ತಿ ಸುತ್ತಿ ಒಳಗೆ ಹೋಗುತ್ತದಲ್ಲ, ಬಿಚ್ಚಿದ ಒಂದೊಂದೇ ಸಾಮಾನನ್ನು ಹೊರಸುತ್ತಿನಿಂದ ಸಾಲಾಗಿ ಇಡುತ್ತಾ ಹೋದೆ. ಕೊನೆಗೆ ಬಿಚ್ಚಿದ್ದು ನಟ್ಟನಡುವೆ. ಜೋಡಿಸುವಾಗ ನಡುವಿನಿಂದ ಹೊರಗೆ ಬಂದರಾಯಿತು. ಇದು ನನ್ನದೇ ಉಪಾಯ, ಈ ಒಂದಕ್ಕಾದರೂ ನನಗೆ ಸ್ವಲ್ಪ ಜಂಬವಿದೆ. ತಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದಾಗ, "ಅಕ್ಕ, ಇದನ್ನ ಇಲ್ಲಿ ಮಾಡಿ ಮಾರಬಹುದು" ಎಂದ.

ಅವನಿಗೂ ಈ ಹುಚ್ಚಿದೆ. ಅಲ್ಲಿ ಒಂದು ಹಳೆಯ ಕಾರು ಕೊಂಡು, ಮನೆಯ ಗ್ಯಾರೇಜಿನಲ್ಲೇ ಅದರ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಬಿಚ್ಚಿ ಕಟ್ಟಿದ್ದಾನೆ. ಅಮೆರಿಕದವರಿಗೆ ಕ್ಲಚ್ ತುಳಿಯುವ ಕಷ್ಟ ತಪ್ಪಿ ಬಹಳ ಕಾಲವಾಯಿತು. ಜನರಲ್ ಮೋಟರ್ಸ್‌ನವರು ತಮ್ಮ ಓಲ್ಡ್ಸ್‌ಮೊಬೈಲ್ ಕಾರಿಗೆ ಹೈಡ್ರಾಮ್ಯಾಟಿಕ್ ಎಂಬ ಗೇರ್‌ಬಾಕ್ಸ್ ಹಾಕಿದ್ದು 1940ರ ಮಾದರಿಯಲ್ಲಿ. ಈಗಿನ ಆಟೊಮ್ಯಾಟಿಕ್‌ಗಳಲ್ಲಿ ಎದುರುಬದುರಾಗಿ ಎರಡು ಫ್ಯಾನು ಇಟ್ಟು ಒಂದರ ಗಾಳಿಗೆ ಇನ್ನೊಂದು ತಿರುಗುವ ಹಾಗೆ, ಗಾಳಿಯ ಬದಲು ಎಣ್ಣೆಯಲ್ಲಿ ಮಾಡಿರುತ್ತಾರಂತೆ. ಇಂಜಿನ್ ಒಂದನ್ನು ತಿರುಗಿಸಿದರೆ ಎಣ್ಣೆಯ ರಭಸ ಇನ್ನೊಂದನ್ನು ತಿರುಗಿಸುತ್ತದೆ. ಗೇರು ಬದಲಿಸುವ ಬಲವೂ ಎಣ್ಣೆಯ ಒತ್ತಡದ್ದೇ. ಅದು ಹರಿಯುವುದಕ್ಕೆ ಇರುವೆಗೂಡಿನಂಥ ಕಾಲುವೆಗಳು, ದಾರಿ ಮುಚ್ಚಿ ತೆರೆಯಲು ಪುಟ್ಟ ಉಕ್ಕಿನ ಗುಂಡುಗಳು. ಅಂಥ ಒಂದು ಗುಂಡನ್ನು ತಪ್ಪು ಜಾಗದಲ್ಲಿಟ್ಟು ಮೂರು ತಿಂಗಳ ಕೆಲಸವನ್ನು ಎರಡು ಸಲ ಮಾಡಿದ್ದನ್ನು ತಮ್ಮ ನಗುತ್ತಾ ಹೇಳಿದ. "ನಿನ್ನದು ಸುಲಭ ಅಕ್ಕ, ಬರೀ ಹಲ್ಲಿನ ಚಕ್ರ" ಎಂದ.

ಸುಲಭವಂತೆ! ಅಪ್ಪ ಮೋಡದ ಮೇಲೆ ಕೂತ ಇಂದ್ರನ ಹಾಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಅಪ್ಪಣೆ ಕೊಡುತ್ತಿದ್ದರು, ನಾನು ಕೆಳಗೆ ಚಾಪೆಯ ಮೇಲೆ. ಬೋಲ್ಟ್ ಬಿಡದಿದ್ದರೆ ಬೈಗುಳ. ಬಿಟ್ಟರೆ, "ಅಷ್ಟು ಜೋರಾ, ಥ್ರೆಡ್ ಹೋಗಲ್ವಾ?" ಎಂದು ಅದಕ್ಕೂ ಬೈಗುಳ. ಒಂದು ಭಾಗವನ್ನು ಎಳೆಯುವ ಮೊದಲು, "ನಿಲ್ಲು, ಬಟ್ಟೆ ಸುತ್ತಿ ಎಳಿ" ಎಂದರು. ಹಳೆಯ ಟವೆಲ್ ಸುತ್ತಿ ಎಳೆದೆ. ಒಳಗಿನಿಂದ ಮೂರು ಗುಂಡು, ಮೂರು ಸ್ಪ್ರಿಂಗು ಟಪಟಪನೆ ಟವೆಲ್ಲಿಗೆ ಹಾರಿದವು. ಬಟ್ಟೆ ಇಲ್ಲದಿದ್ದರೆ ಹುಳುಮನೆಯ ಮೂಲೆಮೂಲೆಗೆ ಹೋಗುತ್ತಿದ್ದವು. ಬೆಳಿಗ್ಗೆಯ ಇಡ್ಲಿ ನೆನಪಿಲ್ಲದ ಮನುಷ್ಯನಿಗೆ ಇದು ನೆನಪಿತ್ತು.

ರೋಗ ಗೊತ್ತಾಗಿದ್ದು ನಾಲ್ಕನೇ ದಿನ. ಗೇರು ಬದಲಿಸುವುದೆಂದರೆ ಬೇರೆ ಬೇರೆ ವೇಗದಲ್ಲಿ ತಿರುಗುವ ಎರಡನ್ನು ಕೂಡಿಸುವುದು. ಹಾಗೇ ಕೂಡಿಸಿದರೆ ಹಲ್ಲಿಗೆ ಹಲ್ಲು ಬಡಿಯುತ್ತದೆ. ಅದಕ್ಕೆ ನಡುವೆ ಒಂದು ಕಂಚಿನ ಬಳೆ ಇಟ್ಟಿದ್ದಾರೆ. ನಿಜವಾಗಿಯೂ ಬಳೆಯ ಹಾಗೇ ಇರುತ್ತದೆ. ಒಳಮೈಯಲ್ಲಿ ಕೂದಲೆಳೆಯಂಥ ಗೆರೆಗಳು. ಆ ಗೆರೆಗಳು ಎಣ್ಣೆಯ ಪದರ ಸೀಳಿಕೊಂಡು ಗೇರಿನ ಮೈಯನ್ನು ಹಿಡಿದು, ಇಬ್ಬರ ವೇಗವೂ ಒಂದಾಗುವ ತನಕ ಹಲ್ಲುಗಳನ್ನು ತಡೆದು ನಿಲ್ಲಿಸುತ್ತವೆ. ನಮ್ಮ ಎರಡನೇ ಗೇರಿನ ಬಳೆ ಒಳಗೆ ನುಣ್ಣಗಾಗಿತ್ತು. ಬೆರಳಾಡಿಸಿದರೆ ಒಂದು ಗೆರೆಯೂ ತಾಗಲಿಲ್ಲ. ಮೊದಲನೇ ಗೇರಿಗೆ ಈ ಬಳೆಯೇ ಇಲ್ಲ. ಗಾಡಿ ಪೂರ್ತಿ ನಿಲ್ಲುವ ತನಕ ಅಪ್ಪ ಯಾಕೆ ಫಸ್ಟ್ ಗೇರಿಗೆ ಕೈ ಹಾಕುತ್ತಿರಲಿಲ್ಲವೆಂದು ನನಗೆ ಈ ವಯಸ್ಸಿನಲ್ಲಿ ತಿಳಿಯಿತು. ಕೆಳಗಿನ ಸಾಲಿನ ಗೇರುಗಳನ್ನು ಹೊತ್ತ ಶಾಫ್ಟಿನ ಮೈಯೂ ಸಿಡುಬಿನ ಕಲೆಯ ಹಾಗೆ ಗುಳಿ ಬಿದ್ದಿತ್ತು.

ಸಾಮಾನಿಗೆ ಬೆಳಗಿನ ರೈಲಿಗೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ. ಮೂರು ಅಂಗಡಿಯಲ್ಲಿ ಇಲ್ಲವೆಂದರು. ನಾಲ್ಕನೆಯವರು, "ಗಾಡಿ ಯಾರದು, ಡ್ರೈವರ್‌ನ ಕಳಿಸಬಾರದಿತ್ತಾ ಮೇಡಂ?" ಎಂದು ಕೇಳಿ, ನಾನು ಹಳೆಯ ಬಳೆಯನ್ನು ಕರವಸ್ತ್ರದಿಂದ ಬಿಚ್ಚಿಟ್ಟ ಮೇಲೆ ಮಾತಿಲ್ಲದೆ ಅಟ್ಟ ಹತ್ತಿದರು. ಬಳೆ, ಶಾಫ್ಟು, ಬೇರಿಂಗು, ಒಂದು ಪೊಟ್ಟಣ ಸೂಜಿ ರೋಲರು ಸಿಕ್ಕಿದವು.

ಈ ಸೂಜಿಗಳ ಕತೆ ಹೇಳಲೇಬೇಕು. ಆ ಕೆಳಗಿನ ಶಾಫ್ಟಿನ ಮೇಲೆ ಗೇರು ನೇರವಾಗಿ ಕೂರುವುದಿಲ್ಲ, ನಡುವೆ ಸುತ್ತಲೂ ಸೂಜಿಯಂಥ ಉಕ್ಕಿನ ಕಡ್ಡಿಗಳು. ಗೇರಿನ ತೂತಿನೊಳಗೆ ಬೆಣ್ಣೆಯ ಹಾಗೆ ಗ್ರೀಸ್ ಬಳಿದು ಒಂದೊಂದನ್ನೇ ಅಂಟಿಸಬೇಕು. ಪೆಟ್ಟಿಗೆಯೊಳಗೆ ಇಳಿಸುವಾಗ ಅವು ಉದುರದಂತೆ, ಅಸಲಿ ಶಾಫ್ಟಿನ ಬದಲು ಅದಕ್ಕಿಂತ ಗಿಡ್ಡನೆಯ ಒಂದು ಸುಳ್ಳು ಶಾಫ್ಟನ್ನು ತೂರಿಸಿರಬೇಕು. ಕೊನೆಗೆ ಅಸಲಿಯದನ್ನು ತಳ್ಳಿದರೆ ಸುಳ್ಳಿನದು ಆ ಕಡೆಯಿಂದ ಹೊರಗೆ ಬರುತ್ತದೆ. ಅಪ್ಪನ ಹಳೆಯ ಸುಳ್ಳು ಶಾಫ್ಟು ಎಲ್ಲೋ ಕಳೆದುಹೋಗಿತ್ತು. "ಚನ್ನಪಟ್ಟಣಕ್ಕೆ ಹೋಗು" ಎಂದರು.

ಚನ್ನಪಟ್ಟಣದ ಬೊಂಬೆ ಕೆಲಸದವರೊಬ್ಬರ ಮಗಳು ನನ್ನ ಹಳೆಯ ವಿದ್ಯಾರ್ಥಿನಿ. ಅವರ ಮನೆಗೆ ಹೊಸ ಶಾಫ್ಟನ್ನೇ ಒಯ್ದೆ. ಆಲೆ ಮರ, ಕೆಲವರು ಹಾಲೆ ಮರ ಎನ್ನುತ್ತಾರಲ್ಲ, ಅದರ ತುಂಡನ್ನು ಆತ ಲೇತಿಗೆ ಕೊಟ್ಟು, ಉಳಿ ಹಿಡಿದು ಐದು ನಿಮಿಷದಲ್ಲಿ ಕಡೆದರು. ಒಂದು ಕೂದಲಿನಷ್ಟು ತೆಳ್ಳಗೆ, ಅಪ್ಪ ಹೇಳಿದ ಅಳತೆಗೆ. ಆಮೇಲೆ ಅಭ್ಯಾಸಬಲದಿಂದ ಕೆಂಪು ಅರಗಿನ ಕಡ್ಡಿ ಎತ್ತಿಕೊಂಡರು. "ಬೇಡ ಬೇಡ, ಬಣ್ಣ ಹಾಕಿದರೆ ದಪ್ಪ ಆಗುತ್ತೆ!" ಎಂದು ಕೂಗಿಕೊಂಡೆ. ಅವರಿಗೆ ಬೇಸರವಾಯಿತು. ಬಣ್ಣವಿಲ್ಲದೆ ಒಂದು ಸಾಮಾನು ಅವರ ಮನೆಯಿಂದ ಹೊರಗೆ ಹೋಗಿರಲಿಲ್ಲವಂತೆ. ದುಡ್ಡು ಮುಟ್ಟಲಿಲ್ಲ.

ಅಂದು ಸಂಜೆ ಸೂಜಿ ಅಂಟಿಸಲು ಕೂತೆ. ಮೇಷ್ಟ್ರ ಬುದ್ಧಿ, ಪೊಟ್ಟಣ ಬಿಚ್ಚಿದಾಗಲೇ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದಿದ್ದೆ. ಎಲ್ಲ ಮುಗಿದಾಗ ಒಂದು ಜಾಗ ಖಾಲಿ. ಒಂದು ಸೂಜಿ ಕಡಿಮೆ. ನೆಲ ಗುಡಿಸಿದೆ, ಚಂದ್ರಿಕೆ ಕೊಡವಿದೆ, ಸೀರೆಯ ನೆರಿಗೆಯನ್ನೆಲ್ಲ ಬಿಚ್ಚಿ ನೋಡಿದೆ. ನಮ್ಮವರು ಮೊಬೈಲ್ ಬೆಳಕು ಹಿಡಿದು ಮಂಡಿಯೂರಿ ಹುಡುಕಿದರು. ಮೇಸ್ತ್ರಿಗೆ ಫೋನ್ ಮಾಡಿದರೆ, "ಒಂದ್ ಕಮ್ಮಿ ಆದ್ರೆ ಓಡ್ತದೆ ಮಿಸ್ಸು" ಎಂದರು. ಅಪ್ಪ ಕೆಂಡವಾದರು. "ಓಡ್ತದೆ! ಯಾರ್ನ ಕೂರ್ಸ್ಕೊಂಡು ಓಡ್ತದೆ? ಒಂದೇ ಒಂದು ಸೂಜಿ ಜೋಪಾನ ಮಾಡಕ್ಕಾಗಲ್ವಾ ನಿನ್ ಕೈಲಿ? ಅವ್ನಾಗಿದ್ರೆ ಹಿಂಗ್ ಮಾಡ್ತಿರ್ಲಿಲ್ಲ!"

ಅವನು ಎಂದರೆ ಯಾರೆಂದು ಕೇಳುವ ಅಗತ್ಯವಿರಲಿಲ್ಲ. ನಾನು ಎದ್ದು ಒಳಗೆ ಹೋಗಿ ಅನ್ನಕ್ಕಿಟ್ಟೆ. ಐವತ್ತಾರು ವರ್ಷದವಳು ಅಡುಗೆಮನೆಯಲ್ಲಿ ನಿಂತು ಅತ್ತೆನೆಂದರೆ ನೀವು ನಗಬಾರದು.

ಮಾರನೆಯ ದಿನ ಒಗೆಯಲು ಹಾಕುವಾಗ ಅಪ್ಪನ ಅಂಗಿಯ ಜೇಬು ನೋಡಿದೆ. ಚಿಲ್ಲರೆ, ಬಸ್ ಟಿಕೆಟ್ಟು, ಒಂದು ಲವಂಗ, ಜೊತೆಗೆ ಗ್ರೀಸ್ ಮೆತ್ತಿದ ಸೂಜಿ. ಹಿಂದೆ ಕೆಲಸ ಮಾಡುವಾಗ ಸಣ್ಣ ಸಾಮಾನನ್ನು ಅವರು ಹಾಗೇ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಸೂಜಿಯನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನಿಂತೆ. ತೋರಿಸಿ ಕೇಳಬೇಕೆಂದು ಶೆಡ್ಡಿಗೆ ಹೋದೆ. ಅವರು ಆಗಲೇ ಕುರ್ಚಿಯಲ್ಲಿ ಕೂತಿದ್ದರು. ನಿನ್ನೆ ಬೈದದ್ದು ಅವರ ಮುಖದಲ್ಲಿ ಎಲ್ಲೂ ಇರಲಿಲ್ಲ. "ಬಾ ಮಗ, ಸೂಜಿ ಹಾಕನ" ಎಂದರು.

"ಚಾಪೆ ಕೆಳಗೆ ಸಿಕ್ತು ಅಪ್ಪ" ಎಂದೆ.

"ನಾನ್ ಹೇಳ್ಲಿಲ್ವಾ, ಎಲ್ ಹೋಗ್ತದೆ!"

ಜೋಡಿಸುವುದಕ್ಕೆ ಎಂಟು ದಿನ ಹಿಡಿಯಿತು. ನಡುವೆ ಎರಡು ಸಲ ತಪ್ಪಿ ಮತ್ತೆ ಬಿಚ್ಚಿದ್ದನ್ನು ವಿವರಿಸಿ ನಿಮಗೆ ಬೇಸರ ತರಿಸುವುದಿಲ್ಲ. ಸುಳ್ಳು ಶಾಫ್ಟು ಮಾತ್ರ ಮೊದಲ ಸಲಕ್ಕೇ ಬೊಂಬೆಯ ಹಾಗೆ ನುಣ್ಣಗೆ ಆಚೆ ಬಂತು. ಮೇಸ್ತ್ರಿ ಬಂದು ಗೇರ್‌ಬಾಕ್ಸ್ ಏರಿಸಿದರು. ಎಣ್ಣೆ ತುಂಬಿದೆವು.

ನಾನು ಓಡಿಸಿದೆ, ಅಪ್ಪ ಪಕ್ಕದಲ್ಲಿ. 2023ರಲ್ಲಿ ಎಕ್ಸ್‌ಪ್ರೆಸ್ ಹೆದ್ದಾರಿ ಊರಿನ ಹೊರಗೆ ಹೋದ ಮೇಲೆ ಹಳೆಯ ರಸ್ತೆ ಸ್ವಲ್ಪ ಉಸಿರಾಡುತ್ತಿದೆ. ಅಲ್ಲಿಂದ ಮಾಗಡಿ ಕಡೆ ತಿರುಗಿದೆವು. ಏರಿನಲ್ಲಿ ಮೂರರಿಂದ ಎರಡಕ್ಕೆ ಎಳೆದೆ. ಶಬ್ದವಿಲ್ಲ. ಅಪ್ಪ ಕೈಯನ್ನು ಲಿವರ್ ಮೇಲೆ ನನ್ನ ಕೈಯ ಪಕ್ಕ ಇಟ್ಟು, ಏರು ಮುಗಿಯುವ ತನಕ ತೆಗೆಯಲಿಲ್ಲ. ಗೇರು ಹಾರಲಿಲ್ಲ.

ಅವತ್ತಿನಿಂದ ಮನೆಗೆ ಬಂದವರಿಗೆಲ್ಲ, "ನಮ್ ಮಗನೇ ಬಿಚ್ಚಿ ಜೋಡ್ಸಿದ್ದು" ಎನ್ನುತ್ತಾರೆ. ನಮ್ಮ ಕಡೆ ಹೆಣ್ಣುಮಕ್ಕಳನ್ನೂ ಮಗ ಎಂದೇ ಕರೆಯುತ್ತಾರೆ, ನನ್ನನ್ನೂ ಹಾಗೇ ಕರೆಯುತ್ತಾರೆ. ಕೇಳಿದವರು ಅಮೆರಿಕದ ಮಗ ರಜಕ್ಕೆ ಬಂದಿದ್ದನೇನೋ ಎಂದುಕೊಂಡು ಹೋಗುತ್ತಾರೆ. ಅಪ್ಪನ ಮನಸ್ಸಿನಲ್ಲಿ ಯಾರಿದ್ದಾರೆಂದು ನಾನು ಕೇಳಿಲ್ಲ.

ಹಿಂದಿನ ಸೀಲಿನಿಂದ ಇನ್ನೂ ದಿನಕ್ಕೆ ಐದಾರು ತೊಟ್ಟು ಎಣ್ಣೆ ಇಳಿಯುತ್ತಿದೆ. ಕೆಳಗೆ ಹಳೆಯ ಹೋಳಿಗೆ ತಟ್ಟೆ ಇಟ್ಟಿದ್ದೇನೆ. ದಸರಾ ರಜೆಯಲ್ಲಿ ಮತ್ತೆ ಇಳಿಸಬೇಕು.