ದೋಷ ಸೊನ್ನೆ

ವಕ್ರರೇಖೆಯ ಕೆಳಗಿನ ವಿಸ್ತೀರ್ಣವನ್ನು ಅಳೆಯುವುದಕ್ಕೆ ನಾನು ಮಕ್ಕಳಿಗೆ ಹೇಳಿಕೊಡುತ್ತಿದ್ದ ಮೊದಲ ಉಪಾಯ, ಗ್ರಾಫ್ ಹಾಳೆಯ ಚೌಕಗಳನ್ನು ಎಣಿಸುವುದು. ಆ ಬಳಿಕ ಸಿಂಪ್ಸನ್ ನಿಯಮ. ಸೂತ್ರದಿಂದ ಬಿಡಿಸಲಾಗದ ಅನುಕಲನವನ್ನು ಅಂಕಿಗಳಿಂದ ಬಿಡಿಸುವ ಈ ವಿದ್ಯೆ ಈಗ ಸಂಪೂರ್ಣವಾಗಿ ಕಂಪ್ಯೂಟರಿನ ಪಾಲಾಗಿದೆ. ನನಗೆ ತಿಳಿದಿದ್ದ ಕಂಪ್ಯೂಟರ್ ಭಾಷೆ ಒಂದೇ, ಬೇಸಿಕ್. 1984ರಲ್ಲಿ ಕೇಂದ್ರ ಸರಕಾರದ 'ಕ್ಲಾಸ್' ಯೋಜನೆಯಡಿ ಶಾಲೆಗಳಿಗೆ ಬಿಬಿಸಿ ಮೈಕ್ರೋ ಯಂತ್ರಗಳು ಬರತೊಡಗಿದ ಕಾಲದಲ್ಲಿ ಕಲಿತದ್ದು. ಪ್ರತಿ ಸಾಲಿಗೂ ಹತ್ತು, ಇಪ್ಪತ್ತು, ಮೂವತ್ತು ಎಂದು ಸಂಖ್ಯೆ ಕೊಟ್ಟು ಬರೆಯುತ್ತಿದ್ದೆವು.

ಹೀಗಿರಲು, ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ವರ್ಷ ಲ್ಯಾಪ್‌ಟಾಪ್ ಹಿಡಿದು ಮನೆಗೆ ಬಂದ. ತನ್ನೂರಿನ ಕೆರೆಯ ನೀರು ಬಳಕೆದಾರರ ಸಂಘಕ್ಕಾಗಿ ಐದು ಕಾಲುವೆಗಳಿಗೆ ವರ್ಷವಿಡೀ ಹರಿದ ನೀರಿನ ಲೆಕ್ಕವನ್ನು ಆತ ಮಾಡುತ್ತಿದ್ದ. ಕೆರೆಯ ಮಟ್ಟ ಇಳಿದಂತೆ ತೂಬಿನ ಹರಿವೂ ಇಳಿಯುತ್ತದೆ. ಆದುದರಿಂದ ಹರಿವನ್ನು ಕಾಲದ ಮೇಲೆ ಅನುಕಲಿಸಬೇಕು. ಪೈಥಾನ್ ಭಾಷೆಯಲ್ಲಿ ಬರೆದು, ಅದರ 'ಸೈಪೈ' ಎಂಬ ಗ್ರಂಥಾಲಯದ ಸಿದ್ಧ ಉಪಕರಣಕ್ಕೆ ಲೆಕ್ಕವನ್ನು ಒಪ್ಪಿಸಿದ್ದ. ತಿಂಗಳುಗಟ್ಟಲೆ ನೀರು ಹರಿದಿದ್ದ ನಾಲ್ಕು ಕಾಲುವೆಗಳ ಉತ್ತರ ನಂಬುವಂತೆ ಬಂದಿತ್ತು. ಕೊನೆಯ ಅಚ್ಚುಕಟ್ಟಿನ ಐದನೆಯ ಕಾಲುವೆಯ ಎದುರು ಮಾತ್ರ ಸೊನ್ನೆ.

ನೀರುಗಂಟಿಯ ಪುಸ್ತಕದಲ್ಲಿ ಬೇರೆಯೇ ಇತ್ತು. ಲೆಕ್ಕದ ವರ್ಷದ ಮೊದಲ ದಿನ, ನಡುರಾತ್ರಿಯಿಂದ ನಡುಹಗಲಿನವರೆಗೆ, ಹನ್ನೆರಡು ಗಂಟೆ ಐದನೆಯ ತೂಬನ್ನು ತೆರೆದಿದ್ದೆನೆಂದು ಆತ ಬರೆದಿದ್ದ. ಅಷ್ಟು ಹೊತ್ತು ಹರಿವು ಹೆಚ್ಚುಕಡಿಮೆ ಒಂದೇ ಸಮ, ಗಂಟೆಗೆ 720 ಘನ ಮೀಟರ್. ಬಾಯಿಲೆಕ್ಕದಲ್ಲೇ 8640 ಘನ ಮೀಟರ್ ಆಗುತ್ತದೆ.

"ಸಾರ್, ದೋಷವೂ ಸೊನ್ನೆ ಅಂತ ತೋರಿಸ್ತಾ ಇದೆ. ಅಂದಮೇಲೆ ಉತ್ತರ ಸರಿ ಇರಬೇಕಲ್ವಾ? ನೀರುಗಂಟಿ ಸುಳ್ಳು ಬರೆದಿರಬಹುದೇ ಅಂತ ಸಂಘದಲ್ಲಿ ಆಗಲೇ ಮಾತು ಶುರುವಾಗಿದೆ" ಎಂದ.

ಈ ಮಾತು ನನ್ನನ್ನು ಚುಚ್ಚಿತು. ಬಡವನೊಬ್ಬನ ಪುಸ್ತಕಕ್ಕೂ ಯಂತ್ರದ ಸೊನ್ನೆಗೂ ಜಗಳ ಬಿದ್ದರೆ ಜನ ಯಾವುದನ್ನು ನಂಬುತ್ತಾರೆಂಬುದು ಗೊತ್ತಿರುವ ಸಂಗತಿಯೇ.

ಪೈಥಾನ್ ನನಗೆ ಅಪರಿಚಿತ. ಸಾಲಿಗೆ ಸಂಖ್ಯೆಯಿಲ್ಲ, ಸಾಲಿನ ಮೊದಲಿನ ಖಾಲಿ ಜಾಗಕ್ಕೇ ಅಲ್ಲಿ ಅರ್ಥವಿದೆ. ನಮ್ಮ ಬಿಬಿಸಿ ಬೇಸಿಕ್‌ನಲ್ಲಿ 'ಲಾಗ್' ಎಂದರೆ ಹತ್ತರ ಆಧಾರದ್ದು, ಇಲ್ಲಿ ಸ್ವಾಭಾವಿಕ ಲಾಗರಿಥಮ್. (ಇದು ಈ ಲೆಕ್ಕಕ್ಕೆ ಸಂಬಂಧಿಸಿದ್ದಲ್ಲ, ಆದರೂ ಅರ್ಧ ಗಂಟೆ ನುಂಗಿತು.) ಭಾಷೆ ಬಾರದಿದ್ದರೂ ಪ್ರಶ್ನೆ ಕೇಳಬಹುದಲ್ಲ? ಮೊದಲು, ಆರನೆಯ ಗಂಟೆಯಲ್ಲಿ ಹರಿವೆಷ್ಟು ಎಂದು ಅವನು ಬರೆದ ಫಲನವನ್ನೇ ಕೇಳಿಸಿದೆ. 720 ಎಂದು ಸರಿಯಾಗಿಯೇ ಹೇಳಿತು. ಹಾಗಾದರೆ ಫಲನದಲ್ಲಿ ತಪ್ಪಿಲ್ಲ. "ಗ್ರಂಥಾಲಯ ನಿನ್ನ ಫಲನವನ್ನು ಯಾವ ಯಾವ ಗಂಟೆಯಲ್ಲಿ ವಿಚಾರಿಸುತ್ತದೋ ಅದನ್ನೆಲ್ಲ ಅಚ್ಚು ಮಾಡಿಸು" ಎಂದೆ. ಫಲನದೊಳಗೆ ಒಂದು ಸಾಲು ಸೇರಿಸಿದ.

ಪರದೆಯ ಮೇಲೆ ಬಂದದ್ದು ಇಪ್ಪತ್ತೊಂದೇ ಸಂಖ್ಯೆಗಳು. ಮೊದಲನೆಯದು 4380, ಅಂದರೆ ವರ್ಷದ 8760 ಗಂಟೆಗಳ ನಟ್ಟನಡು. ಎಲ್ಲಕ್ಕಿಂತ ಚಿಕ್ಕದು 19.02. ತೂಬು ಮುಚ್ಚಿ ಏಳು ಗಂಟೆ ಕಳೆದ ಮೇಲೆ ಅದು ಮೊದಲ ಸಲ ಕಾಲುವೆಯನ್ನು ಇಣುಕಿ ನೋಡಿತ್ತು! ವರ್ಷದ ನಡುಭಾಗದಲ್ಲಂತೂ ಒಂದು ನೋಟಕ್ಕೂ ಇನ್ನೊಂದಕ್ಕೂ 27 ದಿನಗಳ ಅಂತರ.

ಈ ಉಪಕರಣದ ಬೇರು 'ಕ್ವಾಡ್‌ಪ್ಯಾಕ್' ಎಂಬ ಕ್ರಮವಿಧಿಗಳ ಸಂಗ್ರಹದಲ್ಲಿದೆ. ಪೀಸೆನ್ಸ್ ಮತ್ತು ಸಂಗಡಿಗರು ಫೋರ್ಟ್ರಾನ್ ಭಾಷೆಯಲ್ಲಿ ರಚಿಸಿದ ಅದರ ವಿವರಣೆ 1983ರಲ್ಲಿ ಪುಸ್ತಕವಾಗಿ ಬಂತು. ಬಿಂದುಗಳನ್ನು ಸಮದೂರದಲ್ಲಿಡದೆ ಜಾಣತನದಿಂದ ಆಯ್ದರೆ ಕೆಲವೇ ಬಿಂದುಗಳಿಂದ ಅತಿ ನಿಖರ ಉತ್ತರ ಪಡೆಯಬಹುದೆಂದು ಗೌಸ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲೇ ತೋರಿಸಿದ್ದ. ಹತ್ತು ಗೌಸ್ ಬಿಂದುಗಳಿಗೆ ಇನ್ನೂ ಹನ್ನೊಂದನ್ನು ಸೇರಿಸಿ, ಹಳೆಯ ಹತ್ತನ್ನೂ ಮರಳಿ ಬಳಸುವ ದಾರಿಯನ್ನು ರಷ್ಯದ ಕ್ರೋನ್‌ರಾಡ್ 1960ರ ದಶಕದಲ್ಲಿ ಕಂಡುಕೊಂಡ. ಹತ್ತರ ಉತ್ತರವನ್ನೂ ಇಪ್ಪತ್ತೊಂದರ ಉತ್ತರವನ್ನೂ ಹೋಲಿಸಿ ದೋಷವನ್ನು ಅಂದಾಜು ಮಾಡುತ್ತಾರೆ. ವ್ಯತ್ಯಾಸ ಹೆಚ್ಚಿದ್ದರೆ ಅವಧಿಯನ್ನು ಅರ್ಧ ಸೀಳಿ ಮತ್ತೆ ಲೆಕ್ಕ ಹಾಕುತ್ತದೆ. ನಮ್ಮ ಕಾಲುವೆಯ ವಿಷಯದಲ್ಲಿ ಹತ್ತೂ ಸೊನ್ನೆ ಎಂದವು, ಇಪ್ಪತ್ತೊಂದೂ ಸೊನ್ನೆ ಎಂದವು. ವ್ಯತ್ಯಾಸ ಸೊನ್ನೆ, ಆದುದರಿಂದ ದೋಷವೂ ಸೊನ್ನೆ. ಸೀಳುವ ಪ್ರಸಂಗವೇ ಬರಲಿಲ್ಲ. ಘಟನೆಯ ವೇಳೆ ಊರಿನಲ್ಲೇ ಇಲ್ಲದವರು ಒಂದೇ ಸಾಕ್ಷ್ಯ ನುಡಿದಂತೆ.

ಪರೀಕ್ಷೆಗೆಂದು ಅವಧಿಯನ್ನು ವರ್ಷದಿಂದ ಮೂವತ್ತು ದಿನಕ್ಕೆ ಇಳಿಸಿದೆವು. ಈಗ ಮೊದಲ ನೋಟ ಒಂದೂವರೆ ಗಂಟೆಯ ಸುಮಾರಿಗೆ, ಎರಡನೆಯದು ಒಂಬತ್ತೂವರೆಯ ಸುಮಾರಿಗೆ ಬಿತ್ತು. ಹರಿವು ಕಣ್ಣಿಗೆ ಬಿದ್ದೊಡನೆ ಅದು ಸೀಳುತ್ತ ಸೀಳುತ್ತ 8640ರ ತೀರ ಹತ್ತಿರಕ್ಕೆ ಬಂದುಬಿಟ್ಟಿತು.

ಕುತೂಹಲಕ್ಕೆ ನಮ್ಮ ಹಳೆಯ ಸಿಂಪ್ಸನ್ನನನ್ನೂ ಪರೀಕ್ಷಿಸಿದೆ. ವರ್ಷವನ್ನು ಇಪ್ಪತ್ತು ಭಾಗ ಮಾಡಿದರೆ ಉತ್ತರ 1,05,120. ಆತ ಅವಧಿಯ ತುದಿಯನ್ನೂ ನೋಡುವವನಾದ್ದರಿಂದ ಸೊನ್ನೆಯನೆಯ ಗಂಟೆಯ ಹರಿವು ಕಂಡಿತು. ಆದರೆ ಅದನ್ನು ಹನ್ನೆರಡು ಪಟ್ಟಿಗೂ ಮೀರಿ ಹಿಗ್ಗಿಸಿಬಿಟ್ಟ. ತಪ್ಪೇನೋ ನಿಜ, ಆದರೆ ಇಂಥ ತಪ್ಪು ಯಾರ ಹುಬ್ಬನ್ನಾದರೂ ಏರಿಸುತ್ತದೆ. ಸೊನ್ನೆ ಹಾಗಲ್ಲ, ಸಭ್ಯನಂತೆ ಕೂತಿರುತ್ತದೆ.

ಗ್ರಂಥಾಲಯವನ್ನು ದೂರುವಂತಿಲ್ಲ. ಅವಧಿಗೆ ಹೋಲಿಸಿದರೆ ತೀರ ಕಿರಿದಾದ ಏರಿಳಿತಗಳು ತಪ್ಪಿಹೋಗಬಹುದೆಂದು ಅದರ ಕೈಪಿಡಿಯಲ್ಲೇ ಉದಾಹರಣೆಸಹಿತ ಎಚ್ಚರಿಕೆಯಿದೆ. ಫಲನ ಎಲ್ಲಿ ಮುರಿಯುತ್ತದೆಂದು ಮುಂಚಿತವಾಗಿ ತಿಳಿಸುವ ಅನುಕೂಲವೂ ಇದೆ. ಮುರಿಯುವ ಜಾಗವನ್ನು ಹೇಳಬಲ್ಲವನು ನಮ್ಮಲ್ಲಿ ಒಬ್ಬನೇ ಇದ್ದ: ನೀರುಗಂಟಿ. ತೂಬು ತೆರೆದ, ಮುಚ್ಚಿದ ಹೊತ್ತುಗಳನ್ನೆಲ್ಲ ಅವನ ಪುಸ್ತಕದಿಂದ ತೆಗೆದು, ಆ ಜಾಗಗಳಲ್ಲೇ ವರ್ಷವನ್ನು ಕತ್ತರಿಸಿ ಐದೂ ಕಾಲುವೆಗಳ ಲೆಕ್ಕವನ್ನು ಮತ್ತೆ ಮಾಡಿಸಿದೆ. ಐದನೆಯದಕ್ಕೆ ಎರಡು ತುಂಡು, ನಲವತ್ತೆರಡು ನೋಟ, ಉತ್ತರ 8640. ಹುಡುಗ ಆ ಪಟ್ಟಿಯನ್ನು ಅಂದು ಸಂಜೆಯ ಸಭೆಗೇ ಒಯ್ದ, ನೀರುಗಂಟಿಯ ಪುಸ್ತಕವನ್ನೂ ಜೊತೆಗಿಟ್ಟುಕೊಂಡು.