ಲಿವಿಯ ಸಹವಾಸ

ಸ್ಪೇನಿನ ದಕ್ಷಿಣ ತುದಿಯ ಕಾದಿಜ್ ಊರಿನವನೊಬ್ಬ ರೋಮಿನ ಇತಿಹಾಸಕಾರ ಲಿವಿಯ ಹೆಸರು ಕೇಳಿ ಕೇಳಿ, ಆಸಾಮಿ ಹೇಗಿದ್ದಾನೆಂದು ನೋಡಲೇಬೇಕೆಂದು ಹೊರಟುಬಂದನಂತೆ. ರೋಮನ್ನರ ಲೆಕ್ಕದಲ್ಲಿ ಕಾದಿಜ್ ಎಂದರೆ ಭೂಮಿಯ ಅಂಚು. ಅಷ್ಟು ದೂರದಿಂದ ಬಂದವನು ಲಿವಿಯನ್ನು ಕಣ್ತುಂಬ ನೋಡಿದ. ನೋಡಿದ್ದೇ ತಡ, ಬಂದ ದಾರಿಯಲ್ಲೇ ಊರಿಗೆ ಹಿಂತಿರುಗಿದ. ಕಿರಿಯ ಪ್ಲಿನಿ ತನ್ನ ಪತ್ರವೊಂದರಲ್ಲಿ ಈ ಸಂಗತಿ ಬರೆದಿದ್ದಾನೆ. ಇಬ್ಬರೂ ಮಾತಾಡಿದರೋ ಇಲ್ಲವೋ ಹೇಳಿಲ್ಲ. ಮಾತಾಡಿರಲಾರರು ಎಂದೇ ನನ್ನ ಊಹೆ. ಮೆಚ್ಚಿದ ಲೇಖಕನ ಎದುರು ನಿಂತಾಗ ಬಾಯಿ ಕಟ್ಟುವುದು ಇಂದು ನಿನ್ನೆಯ ಕಾಯಿಲೆಯಲ್ಲ.

ಹಾಗೆ ನೋಡಿದರೆ ಲಿವಿಯಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಸೀಸರ್ ದಂಡನಾಯಕ, ಸಲ್ಲಸ್ಟ್ ಪ್ರಾಂತ್ಯವೊಂದನ್ನು ಆಳಿದವನು, ಮುಂದೆ ಬಂದ ಟ್ಯಾಸಿಟಸ್ ಕಾನ್ಸಲ್ ಪದವಿಗೇರಿದವನು. ರೋಮಿನಲ್ಲಿ ಇತಿಹಾಸ ಬರೆಯುವುದು ಅಧಿಕಾರ ಅನುಭವಿಸಿದವರ ಬಿಡುವಿನ ಕೆಲಸ. ಲಿವಿ ಮಾತ್ರ ಕತ್ತಿ ಹಿಡಿದದ್ದಕ್ಕೆ, ಕುರ್ಚಿಯಲ್ಲಿ ಕೂತದ್ದಕ್ಕೆ ದಾಖಲೆಯಿಲ್ಲ. ಕ್ರಿ.ಪೂ. 59ರ ಸುಮಾರಿಗೆ ಇಂದಿನ ಪಾದುವಾದಲ್ಲಿ ಹುಟ್ಟಿದ, ಕ್ರಿ.ಶ. 17ರ ಹೊತ್ತಿಗೆ ಅಲ್ಲೇ ತೀರಿಕೊಂಡ. ನಡುವೆ ಏನು ಮಾಡಿದ ಎಂದರೆ, ಬರೆದ. ರೋಮಿನ ಸ್ಥಾಪನೆಯಿಂದ ತನ್ನ ಕಾಲದವರೆಗೆ 142 ಸಂಪುಟ. ಉಳಿದಿರುವುದು 35. ನಾನು ಓದಿರುವುದು ಅದರಲ್ಲೂ ಕೆಲವನ್ನು, ಅದೂ ಇಂಗ್ಲಿಷ್ ಅನುವಾದದಲ್ಲಿ, ಹಿಂದೆಮುಂದೆ ಮಾಡಿಕೊಂಡು. ಮೊದಲನೆಯ ಸಂಪುಟಕ್ಕೆ ಮಾತ್ರ ಮತ್ತೆ ಮತ್ತೆ ಹೋಗುತ್ತೇನೆ.

ಇಷ್ಟೆಲ್ಲ ಬರೆದರೂ ರಾಜಧಾನಿಯ ವಿಮರ್ಶಕರ ಬಾಯಿಂದ ಅವನು ತಪ್ಪಿಸಿಕೊಳ್ಳಲಿಲ್ಲ. ಇವನ ಬರವಣಿಗೆ ಪಾದುವಾದ ವಾಸನೆ ಹೊಡೆಯುತ್ತದೆ ಎಂದು ಅಸಿನಿಯಸ್ ಪೋಲಿಯೋ ಮೂಗೆಳೆದ. ಯಾವ ವಾಸನೆ ಎಂದು ವಿದ್ವಾಂಸರು ಈಗಲೂ ಹುಡುಕುತ್ತಿದ್ದಾರೆ. ಹುಚ್ಚು ದೊರೆ ಕಲಿಗುಲ ಇನ್ನೂ ಮುಂದೆ ಹೋಗಿ, ಮಾತು ಜಾಸ್ತಿ, ಎಚ್ಚರ ಕಡಿಮೆ ಎಂದು ಜರೆದು, ಲಿವಿಯ ಪುಸ್ತಕಗಳನ್ನು ಗ್ರಂಥಾಲಯಗಳಿಂದ ಹೊರಗೆ ಹಾಕಿಸುವುದರಲ್ಲಿದ್ದ. ಕಲಿಗುಲನ ಮಾತಿಗೆ ತಲೆಯಾಡಿಸಲು ಸಂಕೋಚವಾಗುತ್ತದೆ. ಆದರೆ ಅದು ಪೂರ್ತಿ ಸುಳ್ಳೂ ಅಲ್ಲ. ರೋಮಿನ ಮೇಲೆ ದಂಡೆತ್ತಿ ಬಂದ ಹ್ಯಾನಿಬಲ್ ಆಲ್ಪ್ಸ್ ದಾಟಿದ ದಾರಿಯನ್ನು ಗ್ರೀಕ್ ಇತಿಹಾಸಕಾರ ಪೊಲಿಬಿಯಸ್ ತಾನೇ ಹೋಗಿ ನೋಡಿ ಬಂದು ಬರೆದ. ಲಿವಿ ಪೊಲಿಬಿಯಸನನ್ನು ಓದಿ ಬರೆದ. ಆದರೆ ಬಂಡೆಗೆ ಬೆಂಕಿ ಹಚ್ಚಿ, ಕಾದ ಕಲ್ಲಿನ ಮೇಲೆ ಹುಳಿಮದ್ಯ ಸುರಿದು ಒಡೆದು ದಾರಿ ಮಾಡಿದರೆಂಬ ಸಂಗತಿ ಪೊಲಿಬಿಯಸನಲ್ಲಿಲ್ಲ, ಲಿವಿಯಲ್ಲಿದೆ. ಹಿಮದ ನಡುವೆ ಸೈನಿಕರು ಅಷ್ಟು ಹುಳಿಮದ್ಯ ಎಲ್ಲಿಂದ ತಂದರು ಎಂದು ಕೇಳುವವರು ಕೇಳಲಿ. ಆಲ್ಪ್ಸ್ ಎಂದ ಕೂಡಲೇ ನನ್ನ ಮೂಗಿಗೆ ಬಡಿಯುವುದು ಅದರದೇ ಘಾಟು.

ಕೇಳಿದ್ದನ್ನೆಲ್ಲ ನಂಬುವ ಭೋಳೆ ಮನುಷ್ಯ ಇವನೆಂದುಕೊಂಡರೆ ಮಾತ್ರ ನಾವು ಮೋಸ ಹೋದೆವು. ರೋಮಿನ ಮೊದಲ ರಾಜ ರೋಮುಲಸ್ ಕಣ್ಮರೆಯಾದ ಪ್ರಸಂಗ ನೋಡಿ. ಬಯಲಿನಲ್ಲಿ ರಾಜ ಸೈನ್ಯ ಪರಿಶೀಲಿಸುತ್ತಿರುವಾಗ ಗುಡುಗು, ಬಿರುಗಾಳಿ. ದಟ್ಟ ಮೋಡ ಅವನನ್ನು ಮುಚ್ಚಿತು. ಮೋಡ ಸರಿದಾಗ ಸಿಂಹಾಸನ ಖಾಲಿ. ಬಿರುಗಾಳಿ ರಾಜನನ್ನು ಮೇಲಕ್ಕೆ ಎತ್ತಿಕೊಂಡು ಹೋಯಿತು ಎಂದರು ಪಕ್ಕದಲ್ಲಿದ್ದ ಸೆನೆಟಿನ ಹಿರಿಯರು. ಜನ ಜಯಕಾರ ಹಾಕಿ ರೋಮುಲಸನನ್ನು ದೇವರು ಮಾಡಿದರು. ಅಷ್ಟು ಹೇಳಿ, ಅದೇ ಉಸಿರಿನಲ್ಲಿ, ಆ ಹಿರಿಯರೇ ರಾಜನನ್ನು ಕೈಯಾರೆ ಸಿಗಿದು ಹಾಕಿದರೆಂದು ಗುಟ್ಟಾಗಿ ಹೇಳುವವರೂ ಇದ್ದರು ಎಂದು ಲಿವಿ ಸೇರಿಸುತ್ತಾನೆ. ಆಮೇಲೆ ಪ್ರಾಕ್ಯುಲಸ್ ಎಂಬ ದೊಡ್ಡ ಮನುಷ್ಯ ಸಭೆಗೆ ಬಂದು, ಈ ಬೆಳಿಗ್ಗೆ ರೋಮುಲಸ್ ಆಕಾಶದಿಂದಿಳಿದು ನನ್ನೊಡನೆ ಮಾತಾಡಿ ಹೋದ ಎಂದು ಸಾಕ್ಷಿ ಹೇಳುತ್ತಾನೆ. ಊರು ಸಮಾಧಾನಗೊಳ್ಳುತ್ತದೆ. ಜನ ಅವನನ್ನು ಎಷ್ಟು ಚೆನ್ನಾಗಿ ನಂಬಿಬಿಟ್ಟರಲ್ಲ ಎಂದು ಲಿವಿ ಆಶ್ಚರ್ಯಪಟ್ಟು ಮುಂದಕ್ಕೆ ಹೋಗುತ್ತಾನೆ. ಕೊಲೆ ನಡೆಯಿತೆಂದು ಅವನು ಹೇಳಲಿಲ್ಲ, ನಡೆಯಲಿಲ್ಲವೆಂದೂ ಹೇಳಲಿಲ್ಲ. ಆ ಆಶ್ಚರ್ಯವೊಂದನ್ನು ಮಾತ್ರ ಅಲ್ಲಿ ಬಿಟ್ಟು ಹೋದ. ರಾಜಕಾರಣದ ಬಗ್ಗೆ ನಾನು ಓದಿದ ಎಷ್ಟೋ ದಪ್ಪ ಪುಸ್ತಕಗಳು ಈ ಅರ್ಧ ಪುಟದ ಮುಂದೆ ಸಪ್ಪೆ.

ಭಾಷಣಗಳ ವಿಷಯಕ್ಕೆ ಬಂದರೆ ಅವನು ಶುದ್ಧ ತಾಳಮದ್ದಳೆಯ ಅರ್ಥಧಾರಿ. ಪ್ರಸಂಗ ಎಲ್ಲರಿಗೂ ಗೊತ್ತಿರುವುದೇ, ಪಾತ್ರದ ಬಾಯಲ್ಲಿ ಬರುವ ಮಾತು ಮಾತ್ರ ಅವನದು. ಹ್ಯಾನಿಬಲ್ ಮಾತಾಡಿದರೆ ರೋಮ್ ಸೋಲಲಿ ಅನಿಸಬೇಕು, ರೋಮಿನ ದಂಡನಾಯಕ ಸಿಪಿಯೋ ಎದ್ದು ನಿಂತರೆ ಗೆಲ್ಲಲಿ ಅನಿಸಬೇಕು.

ಶಕುನಗಳೂ ಅಷ್ಟೇ. ಯುದ್ಧದ ವರ್ಷಗಳಲ್ಲಿ ಕಲ್ಲಿನ ಮಳೆ ಬಿತ್ತು, ಎತ್ತು ಮಾತಾಡಿತು ಎಂದು ತಪ್ಪದೆ ಪಟ್ಟಿ ಕೊಡುತ್ತಾನೆ. 43ನೆಯ ಸಂಪುಟದಲ್ಲಿ ಅದಕ್ಕೆ ಸಮಜಾಯಿಷಿಯೂ ಇದೆ: ಹಳೆಯ ಕಾಲವನ್ನು ಬರೆಯುತ್ತ ಬರೆಯುತ್ತ ನನ್ನ ಮನಸ್ಸೂ ಹಳೆಯದಾಗಿಬಿಡುತ್ತದೆ, ಆ ಕಾಲದ ವಿವೇಕಿಗಳು ಗಂಭೀರವಾಗಿ ತೆಗೆದುಕೊಂಡದ್ದನ್ನು ಬಿಟ್ಟುಬಿಡಲು ಮನಸ್ಸು ಬಾರದು ಎಂಬರ್ಥದ ಮಾತು. ಇತಿಹಾಸಕಾರನಿಗೆ ಇದು ಗುಣವೋ ದೋಷವೋ ತಿಳಿದವರು ತೀರ್ಮಾನಿಸಲಿ. ಓದುಗನಾಗಿ ನನಗೆ ಅವನು ಇಷ್ಟವಾದದ್ದು ಅಲ್ಲೇ.

ಇಂಥವನ ಕಥೆಗಳು ಎಷ್ಟು ದೂರ ನಡೆದುಹೋದವು! ಸಿನ್ಸಿನ್ನಾಟಸನದು ಟೈಬರ್ ನದಿಯಾಚೆ ಪುಟ್ಟ ಹೊಲ. ಸೆನೆಟಿನ ದೂತರು ಹುಡುಕಿಕೊಂಡು ಬಂದಾಗ ಅವನು ಬೆವರು ಸುರಿಸುತ್ತ ನೆಲ ಅಗೆಯುತ್ತಿದ್ದನೋ ಉಳುತ್ತಿದ್ದನೋ, ಲಿವಿ ಇಲ್ಲಿಯೂ ಎರಡನ್ನೂ ಹೇಳುತ್ತಾನೆ. ಹೆಂಡತಿ ರಸೀಲಿಯಾಳಿಗೆ ಗುಡಿಸಲಿನಿಂದ ಟೋಗಾ ತರಲು ಹೇಳಿ, ಮೈಯ ಮಣ್ಣೊರೆಸಿಕೊಂಡು ಉಟ್ಟುಕೊಂಡ, ಸರ್ವಾಧಿಕಾರಿಯಾದ, ಶತ್ರುಗಳನ್ನು ಸೋಲಿಸಿದ, ಆರು ತಿಂಗಳಿಗೆ ಕೊಟ್ಟಿದ್ದ ಅಧಿಕಾರವನ್ನು ಹದಿನಾರನೆಯ ದಿನ ಬಿಟ್ಟು ಹೊಲಕ್ಕೆ ನಡೆದ. 1783ರಲ್ಲಿ ಬ್ರಿಟಿಷರೊಡನೆ ಹೋರಾಡಿ ಗೆದ್ದ ಅಮೆರಿಕದ ಸೇನಾಧಿಕಾರಿಗಳು ಅವನ ಹೆಸರಿನಲ್ಲೇ ಸಂಘ ಕಟ್ಟಿ ವಾಷಿಂಗ್ಟನ್ನನನ್ನು ಅಧ್ಯಕ್ಷ ಮಾಡಿದರು. ಒಹಾಯೊ ನದಿಯ ದಂಡೆಯ ಸಿನ್ಸಿನಾಟಿ ಪಟ್ಟಣಕ್ಕೆ ಹೆಸರು ಬಂದದ್ದು ಆ ಸಂಘದಿಂದ.

ಫ್ಲಾರೆನ್ಸಿನಲ್ಲಿ ಬರ್ನಾರ್ಡೊ ಎಂಬ ಕೈ ಬಿಗಿಯಿದ್ದ ವಕೀಲನಿದ್ದ. ಪುಸ್ತಕದ ಹುಚ್ಚು ಬಹಳ, ಕೊಳ್ಳಲು ದುಡ್ಡಿಲ್ಲ. ಲಿವಿಯನ್ನು ಅಚ್ಚು ಹಾಕಿಸಲು ಹೊರಟ ಮುದ್ರಕನಿಗೆ ಅದರಲ್ಲಿ ಬರುವ ಊರು, ನದಿ, ಬೆಟ್ಟಗಳ ಹೆಸರಿನ ಪಟ್ಟಿಯನ್ನು ತಿಂಗಳುಗಟ್ಟಲೆ ಕೂತು ಮಾಡಿಕೊಟ್ಟ. ಕೂಲಿಯಾಗಿ ಪುಸ್ತಕದ ಪ್ರತಿ ಅವನದಾಯಿತು. ಬಿಡಿ ಹಾಳೆಗಳಾಗಿದ್ದ ಅದನ್ನು ರಟ್ಟು ಹಾಕಿಸಲು ಕೊಟ್ಟದ್ದು 1486ರಲ್ಲಿ. ರಟ್ಟು ಕಟ್ಟುವವನಿಂದ ಅದನ್ನು ಬಿಡಿಸಿಕೊಂಡು ಬಂದವನು ಹದಿನೇಳರ ಮಗ, ಕೆಂಪು ದ್ರಾಕ್ಷಾರಸದ ಮೂರು ಬುದ್ದಲಿ, ಹುಳಿಮದ್ಯದ ಒಂದು ಬುದ್ದಲಿ ತೆತ್ತು. ಹ್ಯಾನಿಬಲನ ಹುಳಿಮದ್ಯ ಇಲ್ಲಿ ಬಂದು ಮುಟ್ಟಿದ್ದನ್ನು ಕಂಡು ನಾನು ಒಬ್ಬನೇ ನಕ್ಕಿದ್ದುಂಟು. ಹುಡುಗನ ಹೆಸರು ನಿಕೊಲೊ ಮ್ಯಾಕಿಯವೆಲ್ಲಿ. ಲಿವಿಯ ಮೊದಲ ಹತ್ತು ಸಂಪುಟಗಳ ಮೇಲೆ ಅವನು ಮುಂದೆ ಬರೆದ ಚಿಂತನೆಗಳು ಅಚ್ಚಾದದ್ದು ಅವನು ಸತ್ತ ಮೇಲೆ, 1531ರಲ್ಲಿ. ಅರಸರಿಗೆ ಬುದ್ಧಿ ಹೇಳಿದ ಅವನ ಸಣ್ಣ ಪುಸ್ತಕವನ್ನೇ ಜಗತ್ತು ಹೆಚ್ಚು ನೆನೆಯುತ್ತದೆ. ಪ್ರಜೆಗಳ ರಾಜ್ಯದ ಮೇಲೆ ಅವನಿಗಿದ್ದ ಒಲವು ತಿಳಿಯಬೇಕಾದರೆ ಲಿವಿಯ ಮೇಲಿನದನ್ನು ಓದಬೇಕು.

ಪಾದುವಾದವರ ಅಭಿಮಾನ ಇನ್ನೊಂದು ಬಗೆಯದು. 1413ರಲ್ಲಿ ಅಲ್ಲಿ ಒಂದಷ್ಟು ಮೂಳೆ ಸಿಕ್ಕಿದವು. ಹತ್ತಿರದಲ್ಲೇ ಲಿವಿಯ ಹೆಸರಿದ್ದ ಕಲ್ಲು. ಊರಿಗೆ ಊರೇ ಹಬ್ಬ ಮಾಡಿತು. ನೇಪಲ್ಸಿನ ದೊರೆ ಅಲ್ಫೊನ್ಸೊ ಸಂತರ ಅವಶೇಷ ಬೇಡುವಂತೆ ಲಿವಿಯ ತೋಳಿನ ಮೂಳೆ ಬೇಡಿ ತರಿಸಿಕೊಂಡ. ಆ ಕಲ್ಲು ಅದೇ ಮನೆತನದ ಹೆಸರು ಪಡೆದ, ಬಿಡುಗಡೆಯಾದ ಗುಲಾಮನೊಬ್ಬನದೆಂದು ಆಮೇಲೆ ಗೊತ್ತಾಯಿತು.

ಲಿವಿಯ ಮೇಲೆ ಬಂದ ದೂರುಗಳಲ್ಲಿ ನನಗೆ ಹೆಚ್ಚು ಪ್ರಿಯವಾದದ್ದು ಹಿರಿಯ ಪ್ಲಿನಿಯದು. ಹೆಸರು ಬೇಕಾದಷ್ಟು ಬಂತು, ಇನ್ನು ನಿಲ್ಲಿಸಬಹುದಿತ್ತು, ಆದರೆ ಸುಮ್ಮನಿರಲಾರದ ಮನಸ್ಸಿಗೆ ಈ ಕೆಲಸವೇ ಊಟ ಎಂಬರ್ಥದಲ್ಲಿ ಲಿವಿ ಒಂದೆಡೆ ಬರೆದುಕೊಂಡಿದ್ದನಂತೆ. ಪ್ಲಿನಿಗೆ ಅದು ಹಿಡಿಸಲಿಲ್ಲ. ಬರೆಯಬೇಕಾದದ್ದು ರೋಮಿನ ಕೀರ್ತಿಗಾಗಿ, ತನ್ನ ಸುಖಕ್ಕಲ್ಲ ಎಂದು ಆಕ್ಷೇಪಿಸಿದ. ಈ ಪ್ಲಿನಿ ಕ್ರಿ.ಶ. 79ರಲ್ಲಿ ವೆಸೂವಿಯಸ್ ಬೆಂಕಿ ಕಾರಿದಾಗ ಹಡಗು ಹತ್ತಿ ಹೋಗಿ ಅಲ್ಲೇ ಪ್ರಾಣ ಬಿಟ್ಟ. ಹದಿನೇಳರ ಸೋದರಳಿಯ ತಾಯಿಯೊಡನೆ ಮಿಸೀನಂನ ಮನೆಯಲ್ಲಿ ಉಳಿದಿದ್ದ. ನೆಲ ನಡುಗುತ್ತಿರುವಾಗ ಅಂಗಳದಲ್ಲಿ ಕೂತು ಅವನು ತರಿಸಿಕೊಂಡದ್ದು ಲಿವಿಯ ಸಂಪುಟ. ಓದುತ್ತ ಟಿಪ್ಪಣಿಯನ್ನೂ ಮಾಡಿಕೊಳ್ಳುತ್ತಿದ್ದ. ಸ್ಪೇನಿನಿಂದ ಬಂದಿದ್ದ ಮಾವನ ಗೆಳೆಯ, ಇಂಥ ಹೊತ್ತಿನಲ್ಲಿ ಓದೇನು, ನಿಮ್ಮಮ್ಮನಾದರೂ ಹೇಗೆ ಸುಮ್ಮನಿದ್ದಾಳೆ ಎಂದು ಇಬ್ಬರನ್ನೂ ಬೈದ. ಹುಡುಗ ಪುಸ್ತಕದಿಂದ ತಲೆ ಎತ್ತಲಿಲ್ಲ. ಕಾದಿಜಿನವನ ವಿಷಯ ನಮಗೆ ತಿಳಿಸಿದವನೂ ಇವನೇ. ಸುಖದ ವಿಷಯದಲ್ಲಿ ನಾನು ಮಾವನ ಕಡೆಯಲ್ಲ, ಅಳಿಯನ ಕಡೆ.